ಭಟ್ಟರ ಪಿಕಪ್ಪಿನ ಎಕ್ಸೆಲ್

ಆದಂ ಕುಂಞಿ ನನಗಿಂತ ಒಳ್ಳೆಯ ಮೆಕ್ಯಾನಿಕ್ ಎಂದು ಎಲ್ಲರಿಗಿಂತ ಮೊದಲು ಗೊತ್ತಾದದ್ದು ನನಗೆ. ಏಳು ವರ್ಷ ನನ್ನ ಗ್ಯಾರೇಜಿನಲ್ಲೇ ದುಡಿದವನು, ಗೊತ್ತಾಗದೆ ಇರುವುದು ಹೇಗೆ? ನಾನು ಅರ್ಧ ದಿನ ಕಿವಿಗೊಟ್ಟು ಹುಡುಕುವ ದೋಷವನ್ನು ಅವನು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಹೇಳುತ್ತಿದ್ದ. "ಹಾಂ, ನಾನೂ ಅದೇ ಅಂದುಕೊಂಡೆ" ಎಂದು ನಾನು ಮೀಸೆ ತಿರುವುತ್ತಿದ್ದೆ. ಗಿರಾಕಿ ಹೊಗಳಿದಾಗ ಆ ಹೊಗಳಿಕೆಯನ್ನು ಅವನ ಕಡೆಗೆ ಒಂದು ದಿನವೂ ದಾಟಿಸಿದವನಲ್ಲ.

ನನ್ನ ಹೆಸರು ಕುಶಾಲಪ್ಪ, ಊರು ಐವರ್ನಾಡು. ಯುದ್ಧದ ಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿದ್ದು ಬಂದು ಸುಳ್ಯದಲ್ಲಿ ಗ್ಯಾರೇಜು ಇಟ್ಟೆ. ನೆಲಕ್ಕೆ ಸಿಮೆಂಟು ಹಾಕಿಸಿ, ಗೋಲಿ ಇಟ್ಟರೆ ಉರುಳದ ಹಾಗೆ ಮಟ್ಟ ಮಾಡಿಸಿದ್ದೆ. ಸುತ್ತಲ ಊರಿನವರೆಲ್ಲ ನನ್ನನ್ನು ಮೇಸ್ತ್ರಿ ಎನ್ನುತ್ತಿದ್ದರು. 1955ರಲ್ಲಿ ಆದಂ ಕಡಬದಲ್ಲಿ ಸ್ವಂತ ಶೆಡ್ಡು ಹಾಕಿದಾಗ ನಾನೇ ಹೋಗಿ ಒಂದು ಸೆಟ್ ಸ್ಪಾನರ್ ಉಡುಗೊರೆ ಕೊಟ್ಟು ಬಂದೆ. ಬಾಯಿಯಲ್ಲಿ ಒಳ್ಳೆಯದಾಗಲಿ ಎಂದೆ. ಆರು ತಿಂಗಳಲ್ಲಿ ಬಾಗಿಲು ಹಾಕಿ ನನ್ನಲ್ಲಿಗೇ ಬರುತ್ತಾನೆ ಎಂದು ಮನಸ್ಸಿನಲ್ಲಿತ್ತು. ಅವನು ಬರಲಿಲ್ಲ.

ಇಚಿಲಂಪಾಡಿಯ ಗೌರೀಶಂಕರ ಭಟ್ಟರು ನನ್ನ ಹಳೆಯ ಗಿರಾಕಿ. ಅವರಲ್ಲಿ ಯುದ್ಧಕ್ಕೂ ಮೊದಲಿನ ಒಂದು ಅಮೆರಿಕನ್ ಕಾರು ಇತ್ತು. ಅದರ ಹಿಂಭಾಗ ಕತ್ತರಿಸಿ, ಮರದ ತೊಟ್ಟಿ ಕೂರಿಸಿ ಪಿಕಪ್ ಮಾಡಿಸಿಕೊಂಡಿದ್ದರು. ಅಡಿಕೆ ಮೂಟೆ, ತೆಂಗಿನಕಾಯಿ, ನೆಂಟರು, ಎಲ್ಲವೂ ಅದರಲ್ಲೇ ಪುತ್ತೂರಿಗೆ ಹೋಗುವುದು. ಅದರ ಮುಂದಿನ ಎರಡು ಚಕ್ರಗಳಿಗೂ ಹಿಡಿದಿಡುವ ಕಬ್ಬಿಣದ ಕೈ ಬೇರೆ ಬೇರೆ, ಸ್ಪ್ರಿಂಗೂ ಬೇರೆ ಬೇರೆ. ಪೇಟೆಯ ಟಾರು ರಸ್ತೆಗೆ ಮಾಡಿದ ನಾಜೂಕಿನ ವಸ್ತು. ನಮ್ಮ ಕಲ್ಲು ಗುಂಡಿಯ ದಾರಿಯಲ್ಲಿ ಆ ಕೈ ವರ್ಷಕ್ಕೆ ಎರಡು ಸಲ ಮುರಿಯುತ್ತಿತ್ತು. ಪ್ರತಿ ಸಲವೂ ಭಟ್ಟರು ನನಗೆ ಹೇಳಿ ಕಳಿಸುತ್ತಿದ್ದರು. ನಾನು ಹೋಗಿ ಬೆಸುಗೆ ಹಾಕಿಸಿ ಕೊಡುತ್ತಿದ್ದೆ. ಭಟ್ಟರ ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುವ ಗತ್ತೇ ಬೇರೆ. ನಿಜ ಹೇಳಬೇಕೆಂದರೆ, ಆ ಕೈ ಮುರಿಯುತ್ತಲೇ ಇರಲಿ ಎಂದು ನನಗೆ ಆಸೆ ಇತ್ತು.

1957ರ ಮಾರ್ಚಿನಲ್ಲಿ ಎರಡು ಕೈಗಳೂ ಒಟ್ಟಿಗೆ ಮುರಿದು ಪಿಕಪ್ ಭಟ್ಟರ ಅಂಗಳದಲ್ಲೇ ಮೂಗು ಊರಿ ಕುಳಿತಿತು. ಭಟ್ಟರು ಬಸ್ಸು ಹಿಡಿದು ಸುಳ್ಯಕ್ಕೇ ಬಂದರು.

"ಮೇಸ್ತ್ರಿ, ಆ ಕಡಬದ ಆದಂ ಕುಂಞಿ ಒಂದು ಮಾತು ಹೇಳಿದ. ಇದನ್ನೆಲ್ಲ ಕಿತ್ತು ಬಿಸಾಡಿ, ಲಾರಿಗೆ ಇರುವ ಹಾಗೆ ಈ ಚಕ್ರದಿಂದ ಆ ಚಕ್ರಕ್ಕೆ ಒಂದೇ ಗಟ್ಟಿ ಎಕ್ಸೆಲ್ ಹಾಕುವ ಅಂತ. ಪುತ್ತೂರಿನಲ್ಲಿ ಮಿಲಿಟರಿಯವರು ಮಾರಿದ ಹಳೇ ಗಾಡಿದು ಉಂಟಂತೆ. ನೀವು ಎಂತ ಹೇಳ್ತೀರಿ?"

ಆಗುವ ಕೆಲಸವೇ ಅದು. ಮಿಲಿಟರಿಯಲ್ಲಿ ನಾನೇ ಅಂಥದ್ದನ್ನು ನೋಡಿದ್ದೆ. ಆರು ವರ್ಷದಿಂದ ನನಗೆ ಯಾಕೆ ಹೊಳೆಯಲಿಲ್ಲ ಎಂದು ಮೈ ಉರಿದುಹೋಯಿತು.

"ಆಗುದಿಲ್ಲ ಭಟ್ರೆ. ಇದ್ದ ಗಾಡಿಯೂ ಹಾಳಾಗ್ತದೆ" ಎಂದೆ.

ಭಟ್ಟರು ತಲೆ ಆಡಿಸಿ ಹೋದರು. ನಾಲ್ಕು ದಿನದ ಮೇಲೆ ಗೊತ್ತಾಯಿತು, ಕೆಲಸ ಆದಂನಿಗೇ ಕೊಟ್ಟಿದ್ದಾರೆ, ಎಕ್ಸೆಲ್ ಎತ್ತಿನ ಗಾಡಿಯಲ್ಲಿ ಇಚಿಲಂಪಾಡಿಗೆ ಹೋಗಿಯೂ ಆಗಿದೆ. ಅಂದಿನಿಂದ ಊಟ ಸೇರಲಿಲ್ಲ. ಗ್ಯಾರೇಜಿಗೆ ಬಂದವರೆಲ್ಲ ಅದೇ ಸುದ್ದಿ ಎತ್ತುತ್ತಿದ್ದರು. ಗಾಡಿಯ ಅಡಿಚೌಕಟ್ಟಿಗೆ, ಆ ಛಾಸಿಗೆ, ಹೊಸ ಕೊಂಡಿ ಕಾಸಿ ಬಡಿಯುತ್ತಿದ್ದಾನಂತೆ, ಸ್ಟೀಯರಿಂಗಿನ ರಾಡು ತಾನೇ ಅಳತೆ ಮಾಡಿದನಂತೆ. ಭಟ್ಟರು ಅವನಿಗೆ ಕೆಲಸದ ಪಕ್ಕದಲ್ಲೇ ಕುರ್ಚಿ ಹಾಕಿಸಿದ್ದಾರಂತೆ. ಆ ಕುರ್ಚಿಯ ಸುದ್ದಿ ಕೇಳಿದ ದಿನ ನಾನು ಒಬ್ಬ ಗಿರಾಕಿಗೆ ಬೈದೆ.

"ಪಿಕಪ್ ಹಾಳಾದೀತು ಅಂತ ಅಲ್ಲ ನಿಮಗೆ ಚಿಂತೆ" ಎಂದಳು ಹೆಂಡತಿ ಸೇವಂತಿ, ಗಂಜಿ ಬಡಿಸುತ್ತಾ. "ಆದಂ ಕೈಯಲ್ಲಿ ಸರಿಯಾದರೆ ಅಂತ ಚಿಂತೆ."

"ನಿನಗೆಂತ ಗೊತ್ತುಂಟು ಎಕ್ಸೆಲ್ಲಿನದ್ದು?"

"ಎಕ್ಸೆಲ್ಲಿನದ್ದು ಗೊತ್ತಿಲ್ಲ. ನಿಮ್ಮದು ಗೊತ್ತುಂಟು."

ಮೂರು ವಾರ ಕಳೆದು ಭಟ್ಟರಿಂದ ಕರೆ ಬಂತು. ನಾಳೆ ಗಾಡಿ ಹೊರಡುವುದು, ಮೇಸ್ತ್ರಿ ಒಮ್ಮೆ ನೋಡಿ ಹೋಗಬೇಕು ಎಂದು ಆದಂನೇ ಹೇಳಿದ್ದನಂತೆ. ನಾನು ಚೀಲಕ್ಕೆ ನನ್ನ ತೂಗುಗುಂಡನ್ನು ಹಾಕಿಕೊಂಡೆ. ನೂಲಿನ ತುದಿಗೆ ಹಿತ್ತಾಳೆಯ ಗುಂಡು, ಗೋಡೆ ನೆಟ್ಟಗಿದೆಯೋ ಎಂದು ಗಾರೆಯವರು ನೋಡುವಂಥದ್ದು. ಸುಮ್ಮನೆ ನೋಡಲು ಹೋಗುವವನಿಗೆ ಅದು ಯಾಕೆ ಬೇಕು? ಹುಳುಕು ಹುಡುಕುವುದಕ್ಕೆ ಬೇಕು.

ಅಂಗಳದಲ್ಲಿ ಅಡಿಕೆ ಬಾಚಿ ಜಾಗ ಮಾಡಿದ್ದರು. ನಡುವೆ ಪಿಕಪ್ ಎದೆಯೆತ್ತಿ ನಿಂತಿತ್ತು. ಅಡಿಯಲ್ಲಿ ಬಗ್ಗಿ ನೋಡಿದೆ. ಹಳೆಯದು ಕತ್ತರಿಸಿದ ಕಡೆಯಲ್ಲಿ ಅರ ಹಾಕಿ ನಯ ಮಾಡಿದ್ದ. ರಿವಿಟ್ಟುಗಳು ಒಂದೇ ಅಂತರದಲ್ಲಿ, ಒಂದೇ ತಲೆಯಲ್ಲಿ ಕುಳಿತಿದ್ದವು. ಕಾಣದ ಜಾಗಕ್ಕೂ ಬಣ್ಣ ಹಚ್ಚಿದ್ದ. ಅಷ್ಟು ಚೆಂದದ ಕೆಲಸ ನನ್ನ ಕೈಯಲ್ಲಿ ಎಂದೂ ಆಗಿರಲಿಲ್ಲ. ತಪ್ಪು ಸಿಗುತ್ತದೋ ಎಂದು ಒಂದೊಂದೇ ರಿವಿಟ್ಟನ್ನು ಉಗುರಿನಿಂದ ಕೆರೆದು ನೋಡಿದೆ. ಒಂದೂ ಸಿಗಲಿಲ್ಲ.

ಆದಂ ಕೈ ಒರೆಸಿಕೊಂಡು ಬಂದ. "ನಿಮ್ಮದು ಒಂದು ಕಣ್ಣು ಬಿದ್ದರೆ ನನಗೆ ಧೈರ್ಯ ಮೇಸ್ತ್ರಿ."

ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವುದು ಕಿಂಗ್ ಪಿನ್ ಎಂಬ ದಪ್ಪ ಗೂಟದ ಮೇಲೆ. ಸೈಕಲ್ಲಿನ ಮುಂದಿನ ಕವಲಿನ ಹಾಗೆ ಅದರ ತಲೆ ಸ್ವಲ್ಪ ಹಿಂದಕ್ಕೆ ವಾಲಿರಬೇಕು. ಇಲ್ಲವಾದರೆ ಗಾಡಿ ನೇರ ಓಡುವುದಿಲ್ಲ, ಕುಡಿದವನ ಹಾಗೆ ರಸ್ತೆ ತುಂಬ ಅಲೆಯುತ್ತದೆ. ಅದನ್ನು ವಾಲಿಸುವುದು ಸ್ಪ್ರಿಂಗಿಗೂ ಎಕ್ಸೆಲ್ಲಿಗೂ ನಡುವೆ ಇಡುವ ಎರಡು ಕಬ್ಬಿಣದ ಬೆಣೆಗಳು. ನಾನು ಕಿಂಗ್ ಪಿನ್ನಿನ ತಲೆಗೆ ನೂಲು ಹಿಡಿದು ಗುಂಡು ಇಳಿಬಿಟ್ಟೆ. ನೂಲು ನೇರವಾಗಿ ಪಿನ್ನಿನ ಬುಡಕ್ಕೇ ಬಂದು ನಿಂತಿತು. ಹಿಂದಕ್ಕೆ ವಾಲಿಕೆಯೇ ಇಲ್ಲ. ಪಿನ್ನಿನ ತಲೆ ಒಂದು ಕೂದಲೆಳೆ ಮುಂದಕ್ಕೇ ಇತ್ತು ಅನ್ನಬೇಕು.

ಖುಷಿ ತಡೆಯಲಾರದೆ ನೂಲು ಹಿಡಿದಲ್ಲಿಂದಲೇ ಕೂಗಿದೆ.

"ಭಟ್ರೆ, ಇಲ್ಲಿ ಬನ್ನಿ. ಬೆಣೆ ಹಿಂದುಮುಂದು ಆಗಿದೆ. ಇದು ರಸ್ತೆಗೆ ಹೋದರೆ ಜೀವಕ್ಕೆ ಅಪಾಯ ಉಂಟು."

ಭಟ್ಟರು ನೂಲು ನೋಡಿದರು, ಆದಂನನ್ನು ನೋಡಿದರು. "ಎಂತ ಆದಂ ಇದು?"

ಆದಂ ನೂಲಿನ ಕಡೆ ನೋಡಿದ. ಆಮೇಲೆ ನನ್ನ ಮುಖವನ್ನು ನೋಡಿದ. "ಮೇಸ್ತ್ರಿ ಹೇಳಿದ ಮೇಲೆ ಆಯ್ತು. ತಿರುಗಿಸುವ" ಎಂದು ಜಾಕಿ ಎಳೆದುಕೊಂಡು ಅಡಿಗೆ ತೂರಿದ.

ಅಷ್ಟರಲ್ಲಿ ಭಟ್ಟರ ಹೆಂಡತಿ ವಸುಮತಿಯಮ್ಮ ಬೆಲ್ಲ, ನೀರು ತಂದಿಟ್ಟರು. ಬೆಲ್ಲ ತಿಂದು, ನೀರು ಕುಡಿದು, ಚೊಂಬಿನಲ್ಲಿ ಉಳಿದ ನೀರಿನಲ್ಲಿ ಅಲ್ಲೇ ಹಿಂದಿನ ಚಕ್ರದ ಪಕ್ಕ ಕೈ ತೊಳೆದೆ. ಬಿದ್ದ ನೀರು ಸೆಗಣಿ ಸಾರಿಸಿದ ಅಂಗಳದ ಮೇಲೆ ಹರಿಯಿತು. ಸುಮ್ಮನೆ ನೋಡುತ್ತಾ ನಿಂತೆ. ಹಿಂದಿನ ಚಕ್ರದಿಂದ ಹೊರಟದ್ದು, ಗಾಡಿಯ ಉದ್ದಕ್ಕೂ ಹರಿದು, ಮುಂದಿನ ಚಕ್ರದ ಬುಡವನ್ನು ದಾಟಿ ಆಚೆ ಮಳೆನೀರಿನ ಕಣಿಗೆ ಇಳಿಯಿತು.

ಅಡಿಕೆ ಅಂಗಳ! ನೋಡಲಿಕ್ಕೆ ಕನ್ನಡಿಯ ಹಾಗೆ ಮಟ್ಟ, ಆದರೆ ಮಳೆ ನೀರು ನಿಲ್ಲಬಾರದೆಂದು ಒಂದು ಬದಿಗೆ ವಾಟ, ಎಂದರೆ ತುಸು ಇಳಿಜಾರು, ಕೊಟ್ಟೇ ಅಂಗಳ ಮಾಡುತ್ತಾರೆ. ಐವರ್ನಾಡಿನಲ್ಲಿ ಅಪ್ಪನ ಜೊತೆ ನಾನೇ ಎಷ್ಟು ಸಲ ಅಂಥ ಅಂಗಳ ಬಡಿದು ಗಟ್ಟಿ ಮಾಡಿಲ್ಲ. ಗಾಡಿಯೇ ಮುಂದಕ್ಕೆ ತಗ್ಗಿ ನಿಂತಿದ್ದರೆ ಪಿನ್ನು ನೆಟ್ಟಗೆ ಕಾಣದೆ ಇನ್ನೇನು? ಮಟ್ಟದ ನೆಲದಲ್ಲಿ ಅದು ಎಷ್ಟು ಬೇಕೋ ಅಷ್ಟೇ ಹಿಂದಕ್ಕೆ ವಾಲುತ್ತಿತ್ತು. ಆದಂ ಸರಿಯಾಗಿಯೇ ಕೂರಿಸಿದ್ದ. ತಪ್ಪು ನನ್ನದು.

ಅಡಿಯಿಂದ ನಟ್ಟು ಬಿಚ್ಚುವ ಸದ್ದು ಬರುತ್ತಿತ್ತು. "ಆದಂ, ನಿಲ್ಲಿಸು" ಎಂದು ಎರಡು ಮಾತು ಹೇಳಿದರೆ ಮುಗಿಯುತ್ತಿತ್ತು. ಭಟ್ಟರು ನನ್ನ ಪಕ್ಕದಲ್ಲಿ ನಿಂತು, "ನೀವು ಬಂದದ್ದು ಒಳ್ಳೆಯದಾಯ್ತು ಮೇಸ್ತ್ರಿ. ಎಷ್ಟಾದರೂ ಅನುಭವ" ಎಂದರು. ಆ ಮಾತು ನನಗೆ ಬೆಲ್ಲಕ್ಕಿಂತ ಸಿಹಿಯಾಯಿತು. ಚೊಂಬು ಕೆಳಗಿಟ್ಟು ಸುಮ್ಮನಾದೆ.

ಬೆಣೆ ತಿರುಗಿಸಿ, ಹತ್ತು ಮೂಟೆ ಅಡಿಕೆ ಹೇರಿ ಕಡಬದ ದಾರಿಯಾಗಿ ಪುತ್ತೂರಿಗೆ ಹೊರಟೆವು. ಆದಂ ಸ್ಟೀಯರಿಂಗಿನಲ್ಲಿ, ಭಟ್ಟರು ಪಕ್ಕದಲ್ಲಿ, ನಾನು ಹಿಂದೆ ಮೂಟೆಗಳ ಮೇಲೆ. ಕಚ್ಚಾ ದಾರಿಯಲ್ಲಿ ಆದಂ ಎತ್ತಿನ ಗಾಡಿಗಿಂತ ನಿಧಾನ ಬಿಟ್ಟ. ದೊಡ್ಡ ರಸ್ತೆ ಸಿಕ್ಕಿದ ಮೇಲೆ ಭಟ್ಟರು, "ಎಂತ ಮಾರಾಯ ಮದುವೆ ದಿಬ್ಬಣವಾ ಇದು, ಬಿಡು ಸ್ವಲ್ಪ" ಎಂದದ್ದು ನನಗೆ ಕೇಳಿಸಿತು. ಕಡಬ ತಲುಪುವ ಮೊದಲಿನ ಇಳಿಜಾರಿನಲ್ಲಿ ಗಾಡಿ ಎಡಕ್ಕೆ ಎಳೆಯಿತು, ಆದಂ ಬಲಕ್ಕೆ ತಿರುಗಿಸಿದ, ಅದು ಬಲಕ್ಕೇ ಓಡಿತು. ಆಗಲೂ ನಾನು ಅವರ ತಲೆಯ ಮೇಲಿನ ತಗಡು ಬಡಿದು ನಿಲ್ಲಿಸಬಹುದಿತ್ತು. ಮೂರನೆಯ ಸಲ ಎಳೆದಾಗ ಅವನು ಬೇಕೆಂದೇ ಗಾಡಿಯನ್ನು ಕಣಿವೆಯ ಕಡೆಗೆ ಬಿಡದೆ ಗುಡ್ಡದ ಬದಿಯ ಬರೆಯ ಮಣ್ಣಿಗೆ ತಿವಿಸಿದ. ಮೂಟೆ ಒಡೆದು ಅಡಿಕೆ ರಸ್ತೆ ತುಂಬ ಚೆಲ್ಲಿತು. ಭಟ್ಟರ ಹಣೆ ತರಚಿ ರಕ್ತ ಬಂತು.

"ತಪ್ಪಾಯ್ತು ಭಟ್ರೆ" ಎಂದ ಆದಂ. "ಎಲ್ಲ ನನ್ನದೇ ತಪ್ಪು."

ಭಟ್ಟರು ಹಣೆಗೆ ಶಾಲು ಒತ್ತಿಕೊಂಡು, ಸೇರಿದ ಜನರ ಎದುರಿಗೇ ಹೇಳಿದರು: "ಮೇಸ್ತ್ರಿ ಮೊದಲೇ ಆಗುದಿಲ್ಲ ಅಂದಿದ್ರು. ನಾನು ಕೇಳ್ಲಿಲ್ಲ. ಗಾಡಿಯನ್ನು ಸುಳ್ಯಕ್ಕೆ ಎಳೆಸಿ. ಇನ್ನು ಇವನ ಕೈಗೆ ಕೊಡುದಿಲ್ಲ."

ನನ್ನ ಸಿಮೆಂಟು ನೆಲದಲ್ಲಿ ಪಿಕಪ್ಪನ್ನು ನಿಲ್ಲಿಸಿ, ಬೆಣೆಗಳನ್ನು ಆದಂ ಮೊದಲು ಇಟ್ಟಿದ್ದ ಹಾಗೆಯೇ ತಿರುಗಿಸಿ ಇಟ್ಟೆ. ಅರ್ಧ ಗಂಟೆಯ ಕೆಲಸ. ಬೇರೆ ಒಂದು ನಟ್ಟನ್ನೂ ಮುಟ್ಟಲಿಲ್ಲ, ಮುಟ್ಟಲು ಏನೂ ಇರಲಿಲ್ಲ. ಪುತ್ತೂರಿನವರೆಗೆ ಬಿಟ್ಟು ನೋಡಿದೆ. ಸ್ಟೀಯರಿಂಗಿನಿಂದ ಕೈ ತೆಗೆದರೂ ನೇರ ಓಡಿತು. ಗುಂಡಿಗೆ ಬಿದ್ದರೂ ಹೂಂ ಎನ್ನಲಿಲ್ಲ. ದೂರದ ಮಂಡೆಕೋಲಿನಿಂದೆಲ್ಲ ಜನ ನೋಡಲು ಬಂದರು. ಮೇಸ್ತ್ರಿ ಕೈ ಹಾಕಿದ ಮೇಲೆ ಸರಿಯಾಯಿತು ಎಂದು ಎಲ್ಲರ ಬಾಯಲ್ಲೂ ಅದೇ. ಕಡಬದ ಶೆಡ್ಡಿಗೆ ಹೋಗುತ್ತಿದ್ದ ನಾಲ್ಕಾರು ಗಾಡಿಗಳೂ ನನ್ನಲ್ಲಿಗೆ ಬರತೊಡಗಿದವು. ಬೇಕೆಂದದ್ದೆಲ್ಲ ಸಿಕ್ಕಿತು. ಆದರೆ ಪ್ರತಿ ಸಲ ಆ ಪಿಕಪ್ಪಿನ ಅಡಿಗೆ ಬಗ್ಗಿದಾಗ ಆ ರಿವಿಟ್ಟಿನ ಸಾಲು ಕಂಡು ಹೊಟ್ಟೆ ಮೊದಲಿಗಿಂತ ಹೆಚ್ಚು ಉರಿಯುತ್ತಿತ್ತು.

ಮಳೆಗಾಲ ಹಿಡಿಯುವ ಮೊದಲು ಆದಂ ಶೆಡ್ಡು ಬಿಟ್ಟು ಕಾಸರಗೋಡಿಗೆ ಹೋಗುತ್ತಾನೆ ಎಂದು ಸುದ್ದಿ ಬಂತು. ಕಡಬಕ್ಕೆ ಹೋದೆ. ಅವನ ಹೆಂಡತಿ ಆಸಿಯಾ ಪಾತ್ರೆ ಕಟ್ಟುತ್ತಿದ್ದಳು. ಅವನು ಗೋಡೆಯ ಮೊಳೆಗಳಿಂದ ಸಾಮಾನು ಇಳಿಸುತ್ತಿದ್ದ.

"ಬೆಣೆ ನೀನು ಇಟ್ಟದ್ದೇ ಸರಿ ಇತ್ತು" ಎಂದೆ.

"ಗೊತ್ತುಂಟು ಮೇಸ್ತ್ರಿ. ನಾನು ಛಾಸಿಯಿಂದ ಅಳೆದದ್ದು, ನೆಲದಿಂದ ಅಲ್ಲ."

"ಮತ್ತೆ ಯಾಕೆ ತಿರುಗಿಸಿದೆ?"

"ಭಟ್ರ ಎದುರು ನಿಮ್ಮನ್ನು ಸುಳ್ಳು ಮಾಡುದು ಹೇಗೆ? ನಿಧಾನ ಕಡಬಕ್ಕೆ ತಂದು, ನೀವು ಹೋದ ಮೇಲೆ ಮೊದಲಿನ ಹಾಗೆ ಇಡುವ ಅಂತ ಇದ್ದೆ. ಭಟ್ರು ಅವಸರ ಮಾಡಿದ್ರು." ಸ್ಪಾನರುಗಳನ್ನು ಗೋಣಿಗೆ ಹಾಕಿದ. "ನಿಮಗೆ ಗೊತ್ತಿರ್ಲಿಲ್ಲ ಅಲ್ವಾ, ಬಿಡಿ."

ಗೊತ್ತಿತ್ತು ಎಂದು ಹೇಳಲು ನನ್ನಿಂದ ಆಗಲಿಲ್ಲ. ಅವನ ಹೊಟ್ಟೆಯಲ್ಲಿ ಕಿಚ್ಚು ಎಂಬುದೇ ಇರಲಿಲ್ಲ, ಅದನ್ನೂ ನನಗೆ ಸಹಿಸಲಾಗಲಿಲ್ಲ. ಅಲ್ಲಿಂದ ನೇರ ಇಚಿಲಂಪಾಡಿಗೆ ನಡೆದೆ. ಭಟ್ಟರು ಜಗಲಿಯಲ್ಲಿ ಯಾರೋ ನೆಂಟರ ಜೊತೆ ಕುಳಿತಿದ್ದರು. ಕುಳಿತುಕೊಳ್ಳದೆ ಹೇಳಿದೆ.

"ಭಟ್ರೆ, ಆದಂದು ತಪ್ಪಿಲ್ಲ. ಅಂಗಳದ ವಾಟ ನೋಡದೆ ತಪ್ಪು ಹೇಳಿದ್ದು ನಾನು. ಆಮೇಲೆ ಗೊತ್ತಾದರೂ ಬಾಯಿ ಬಿಡ್ಲಿಲ್ಲ. ಹೊಟ್ಟೆಕಿಚ್ಚಿಗೆ. ಗಾಡಿಯಲ್ಲಿ ನಾನು ಮಾಡಿದ್ದು ಎಂತದೂ ಇಲ್ಲ, ಅವ ಇಟ್ಟ ಹಾಗೆಯೇ ಇಟ್ಟದ್ದು."

ಭಟ್ಟರ ಕಣ್ಣು ಒದ್ದೆಯಾಯಿತು. ನೆಂಟರ ಕಡೆ ತಿರುಗಿದರು.

"ಕೇಳಿದ್ರಾ? ಕಲಿಸಿದವ ಅಂದ್ರೆ ಹೀಗಿರಬೇಕು. ಶಿಷ್ಯ ಊರು ಬಿಡ್ತಾನೆ ಅಂತ ಅವನ ತಪ್ಪನ್ನೂ ತನ್ನ ಮೇಲೆ ಹಾಕ್ಕೊಂಡು ಬಂದಿದ್ದಾರೆ."

"ಅಲ್ಲ ಭಟ್ರೆ, ನಿಜವಾಗಿಯೂ" ಎಂದೆ.

"ಸಾಕು ಮೇಸ್ತ್ರಿ, ನಿಮ್ಮ ಗುಣ ನನಗೆ ಗೊತ್ತಿಲ್ವಾ" ಎಂದು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ನೆಂಟರು ಎದ್ದು ನಿಂತು ನನಗೆ ಜಾಗ ಬಿಟ್ಟರು. ವಸುಮತಿಯಮ್ಮ ಒಳಗಿನಿಂದ ಕಾಫಿ ತಂದರು.

ಆದಂ ನನ್ನ ತಪ್ಪನ್ನು ತನ್ನ ಮೇಲೆ ಹಾಕಿಕೊಂಡದ್ದು ಭಟ್ಟರಿಗೆ ಗೊತ್ತಿಲ್ಲ; ನಾನೇ ಅವನ ತಪ್ಪನ್ನು ಹಾಕಿಕೊಂಡೆ ಎಂದು ಪುತ್ತೂರಿನವರೆಗೆ ಹೇಳಿಕೊಂಡು ಬಂದರು. ಅವನ ಕೆಲಸವನ್ನು ಮೊದಲೇ ತೆಗೆದುಕೊಂಡಿದ್ದೆ, ಈಗ ಅವನ ಒಳ್ಳೆಯತನವೂ ನನ್ನ ಹೆಸರಿಗೆ ಬಂತು. ಇನ್ನೊಂದು ಸಲ ಗಟ್ಟಿಯಾಗಿ ಹೇಳಿದ್ದರೆ ಭಟ್ಟರು ನಂಬುತ್ತಿದ್ದರೋ ಏನೋ. ನಾನು ಹೇಳಲಿಲ್ಲ. ನೆಂಟರು ಬಿಟ್ಟ ಜಾಗದಲ್ಲಿ ಕುಳಿತು ಕಾಫಿ ಕುಡಿದೆ. ಹೇಳಲು ನಾಚಿಕೆಯಾಗುತ್ತದೆ, ಕಾಫಿ ಬಹಳ ರುಚಿಯಾಗಿತ್ತು.