ಮೀನಿಗೆ ಕೊಟ್ಟ ಪುರುಸೊತ್ತು

ಬೆಳಿಗ್ಗೆ ಟೆಬಾನನ ಕೈಯಿಂದ ಕಾಫಿ ಲೋಟ ಜಾರಿ ಬಿತ್ತು. ಒಂದೇ ವಾರದಲ್ಲಿ ಇದು ಎರಡನೆಯ ಸಲ.

"ಹಾಳು ಲೋಟ, ಜಾರುತ್ತೆ" ಅಂದ.

"ನಾನೇನು ಲೋಟಕ್ಕೆ ಎಣ್ಣೆ ಹಚ್ಚಿದೀನಾ?" ಅಂದಳು ಹೆಂಡತಿ ಮೆಲ್ಬಾ. ನಗಿಸಲಿಕ್ಕೆಂದು ಹೇಳಿದ ಮಾತು. ಇಬ್ಬರೂ ನಗಲಿಲ್ಲ.

ಟೆಬಾನ್ ಮೀನು ಹಿಡಿಯುವವನು. ತಿನ್ನುವ ಮೀನಲ್ಲ, ದೂರದೇಶದವರು ಮನೆಯ ಗಾಜಿನ ತೊಟ್ಟಿಯಲ್ಲಿಟ್ಟು ನೋಡುವ ಬಣ್ಣದ ಮೀನು. ದೋಣಿಯ ಮೇಲಿನ ಗಾಳಿಯಂತ್ರದಿಂದ ಬರುವ ಉದ್ದನೆಯ ಕೊಳವೆಯನ್ನು ಹಲ್ಲಲ್ಲಿ ಕಚ್ಚಿಕೊಂಡು ಇಪ್ಪತ್ತು ಆಳುದ್ದ ಕೆಳಗೆ ಇಳಿಯುತ್ತಾನೆ. ಹವಳದ ಸಂದುಗಳಿಂದ ಮೀನನ್ನು ಬಲೆಗೆ ಅಟ್ಟುತ್ತಾನೆ. ತಂದದ್ದನ್ನು ನೋಡಿಕೊಳ್ಳುವುದು ಮೆಲ್ಬಾಳ ಪಾಲು. ಒಂದೊಂದು ಮೀನಿಗೆ ಒಂದೊಂದು ಪ್ಲಾಸ್ಟಿಕ್ ಚೀಲ, ದಿನಕ್ಕೆರಡು ಸಲ ಹೊಸ ಕಡಲ ನೀರು. ಮೀನು ಸುಸ್ತಾಗಿದ್ದರೆ ಕಿವಿರು ಆಡುವುದನ್ನು ನೋಡಿಯೇ ಅವಳಿಗೆ ತಿಳಿಯುತ್ತಿತ್ತು. ಗಂಡನದೂ ತಿಳಿಯುತ್ತಿತ್ತು. ಬಾಯಿಬಿಟ್ಟು ಹೇಳಿದರೆ ನಿಜವಾಗಿಬಿಡುತ್ತದೇನೋ ಎಂದು ಸುಮ್ಮನಿದ್ದಳು.

ಅವರಿದ್ದ ದ್ವೀಪದಲ್ಲಿ ಕೈಕಾಲು ಜೋಮು ಹಿಡಿದರೆ 'ಪಾಸ್ಮಾ' ಅನ್ನುತ್ತಾರೆ. ದುಡಿದು ಬಿಸಿಯಾದ ಮೈಗೆ ತಣ್ಣೀರು ತಾಗಿದರೆ ಬರುವಂಥದ್ದು, ಬಿಸಿ ಉಪ್ಪುನೀರಲ್ಲಿ ಕಾಲಿಟ್ಟು ತೆಂಗಿನೆಣ್ಣೆ ತಿಕ್ಕಿದರೆ ಹೋಗುವಂಥದ್ದು ಎಂದು ನಂಬಿಕೆ. ಹಿಂದಿನ ಸಂಜೆ ಮೆಲ್ಬಾ ತಿಕ್ಕಿದ್ದಳು. ಅಂಗಾಲಿಗೆ ಉಗುರು ಒತ್ತಿ ನೋಡಿದ್ದಳು. ಅವನಿಗೆ ಗೊತ್ತೇ ಆಗಿರಲಿಲ್ಲ.

ಅದಕ್ಕೇ ಬೆಳಿಗ್ಗೆ ನೀರಿನ ನಲ್ಲಿಯ ಹತ್ತಿರ ಪುರಿಂಗಳ ಕಿವಿಯಲ್ಲಿ, "ಒಂದ್ಸಲ ಮನೆ ಕಡೆ ಬಂದು ಹೋಗಕ್ಕ" ಅಂದಿದ್ದಳು. ಪುರಿಂಗ್ ಊರಿನ ಆರೋಗ್ಯ ಕಾರ್ಯಕರ್ತೆ. ಬಿಸಿಲೇರುವ ಮೊದಲೇ ಬಂದಳು.

"ಏನಪ್ಪಾ ಟೆಬಾನ್, ಇವತ್ತು ರಜಾನಾ?"

"ರಜಾ ಎಲ್ಲಿಂದ ಬರ್ಬೇಕಕ್ಕ! ನಾಳೆ ವ್ಯಾಪಾರಿ ಬರ್ತಾನೆ. ಮಧ್ಯಾಹ್ನ ಇನ್ನೊಂದ್ಸಲ ಇಳೀಬೇಕು. ಸ್ವಲ್ಪ ಪಾಸ್ಮಾ, ಅಷ್ಟೆ. ನೀರಿಗಿಳಿದ್ರೆ ತಾನೇ ಹಗುರಾಗುತ್ತೆ."

"ನಿನ್ನೆ ಎಷ್ಟು ಸಲ ಇಳಿದಿದ್ದೆ?"

"ನಾಲ್ಕು."

"ಪ್ರತಿ ಸಲ ಮೇಲೆ ಬರೋಕೆ ಎಷ್ಟು ಹೊತ್ತು?"

"ಬರೋಕೇನು ಹೊತ್ತು? ಎರಡು ಸಲ ಕಾಲು ಒದ್ರೆ ಮೇಲೆ."

ಪುರಿಂಗ್ ಸಾಲಾಗಿ ತೂಗುಬಿಟ್ಟ ಚೀಲಗಳ ಕಡೆ ನೋಡಿದಳು. ಒಂದರಲ್ಲಿ ನೀಲಿ ಮೈಗೆ ಹಳದಿ ಗೆರೆಯ ಮೀನು. "ಈ ಯಪ್ಪನೂ ಹಂಗೇ ಒದ್ಕೊಂಡು ಬಂದ್ನಾ?"

ಟೆಬಾನ್ ನಕ್ಕ. ಕೆಲಸದ ಮಾತು ಬಂದರೆ ಅವನ ಬೆನ್ನು ನೆಟ್ಟಗಾಗುತ್ತದೆ. "ಮೀನನ್ನ ಹಂಗೆ ತಂದ್ರೆ ಒಳಗಿನ ಗಾಳಿ ಹಿಗ್ಗಿ, ಹೊಟ್ಟೆ ಉಬ್ಬಿ ಸಾಯುತ್ತೆ ಅಕ್ಕ. ಬುಟ್ಟಿಗೆ ಹಾಕಿ, ಹಗ್ಗಕ್ಕೆ ಕಟ್ಟಿ, ಅರ್ಧ ದೂರ ಎತ್ತಿ ನಿಲ್ಲಿಸ್ಬೇಕು. ಆಮೇಲೆ ಇನ್ನೊಂಚೂರು. ಅದಕ್ಕೆ ಪುರುಸೊತ್ತು ಕೊಡ್ಬೇಕು. ನನ್ನ ಮೀನು ಒಂದಾದ್ರೂ ಉಬ್ಬಿದೆಯಾ ಕೇಳು ಇವಳನ್ನ!"

"ಅದು ಅಲ್ಲಿ ನೇತಾಡೋವಾಗ ನೀನೆಲ್ಲಿರ್ತೀಯ?"

"ದೋಣೀಲಿ. ಸಿಗರೇಟು ಸೇದ್ತಾ."

ಹೇಳಿದ ಮೇಲೆ ಅವನಿಗೇ ತನ್ನ ಮಾತು ಒಂಥರಾ ಕೇಳಿಸಿತು.

"ಮೀನಿಗೆ ಪುರುಸೊತ್ತು, ನಿನಗಿಲ್ಲ. ನಿನ್ನ ಮೈಯೇನು ಮರದ್ದಾ?" ಅಂದಳು ಪುರಿಂಗ್. "ಆಳದಲ್ಲಿ ಎಳ್ಕೊಂಡ ಗಾಳಿ ರಕ್ತಕ್ಕೆ ಸೇರಿರುತ್ತೆ. ನಿಧಾನಕ್ಕೆ ಬಂದ್ರೆ ಉಸಿರಲ್ಲೇ ಹೊರಗೆ ಹೋಗುತ್ತೆ. ಧಡಕ್ಕಂತ ಬಂದ್ರೆ, ಸೋಡಾ ಬಾಟ್ಲಿ ತೆಗೆದ ಹಾಗೆ, ಮೈಯೊಳಗೇ ಗುಳ್ಳೆ ಏಳುತ್ತೆ. ಗುಳ್ಳೆ ಬೆನ್ನುಹುರೀಲಿ ಕೂತ್ರೆ ಕಾಲು ಹೋಯ್ತು. ಇದು ಪಾಸ್ಮಾ ಅಲ್ಲಪ್ಪ."

"ನಮ್ಮಪ್ಪ ಮೂವತ್ತು ವರ್ಷ ಮುಳುಗಿದ. ಅವನಿಗೇನಾಯ್ತು?"

"ನಿಮ್ಮಪ್ಪ ಉಸಿರು ಬಿಗಿಹಿಡಿದು ಮುಳುಗ್ತಿದ್ದ. ನಿನ್ನ ಹಾಗೆ ಗಾಳಿಯಂತ್ರ ಕಚ್ಕೊಂಡು ಗಂಟೆಗಟ್ಲೆ ಕೂರ್ತಿರಲಿಲ್ಲ. ಅದಿರಲಿ, ಬೇರೇನಾದ್ರೂ ತೊಂದರೆ?"

"ಏನಿಲ್ಲ."

ಮೆಲ್ಬಾಳ ಕೈಯಲ್ಲಿ ನೀರು ಬದಲಿಸಬೇಕಾದ ಚೀಲವಿತ್ತು. ಗಂಡನ ಮಾನ ಮುಚ್ಚುವುದು ಹೆಂಡತಿಯ ಕೆಲಸ ಎಂದು ತಾಯಿ ಹೇಳಿಕೊಟ್ಟಿದ್ದಳು. ಯಾವುದನ್ನು ಮುಚ್ಚಬಾರದು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅದನ್ನು ಅವಳೇ, ಈಗ, ನಿಂತ ಕಾಲಲ್ಲಿ ಕಲಿಯಬೇಕಿತ್ತು.

"ನಿನ್ನೆ ಸಂಜೆಯಿಂದ ಮೂತ್ರ ಹೋಗಿಲ್ಲ ಅಕ್ಕ. ಮೂರು ಸಲ ಹಿತ್ತಲಿಗೆ ಹೋದ. ಹಾಗೇ ವಾಪಸ್ ಬಂದ."

"ಮೆಲ್ಬಾ!"

"ಬಯ್ಯೋದಿದ್ರೆ ಆಸ್ಪತ್ರೆಗೆ ಹೋಗೋ ದೋಣೀಲಿ ಕೂತು ಬಯ್ಯಿ. ಈಗ ಏಳು."

ಪುರಿಂಗಳ ಮುಖದಲ್ಲಿದ್ದ ನಗೆ ಹೋಗಿತ್ತು. "ಇನ್ನು ಒಂದು ಗಳಿಗೆ ತಡ ಮಾಡ್ಬಾರ್ದು. ಪಟ್ಟಣದ ದೊಡ್ಡಾಸ್ಪತ್ರೇಲಿ ಇದಕ್ಕೇ ಅಂತ ಒಂದು ಕೋಣೆ ಇದೆ. ಒಳಗೆ ಮಲಗಿಸಿ, ಗಾಳಿಯ ಒತ್ತಡ ಏರಿಸಿ, ನಿಧಾನಕ್ಕೆ ಇಳಿಸ್ತಾರೆ. ಹೊತ್ತಾದಷ್ಟೂ ಕಾಲು ವಾಪಸ್ ಬರೋದು ಕಷ್ಟ."

"ನೀರಿಗಿಳಿದ್ರೆ ಸರಿಹೋಗುತ್ತೆ ಅಂತ ಎಲ್ರೂ..."

"ಹಾಗೆ ಇಳಿದು, ಮಲಗಿದಲ್ಲೇ ಉಳಿದವರು ನಮ್ಮೂರಲ್ಲಿ ಎಷ್ಟು ಜನ? ನೀನೇ ಹೇಳು."

ಟೆಬಾನ್ ಏಳಲು ನೋಡಿದ. ಮಂಡಿ ಮಡಚಿಕೊಂಡಿತು. ಹೆಂಡತಿಯತ್ತ ಕೈ ಚಾಚಿದ. "ಹಿಡ್ಕೋ. ಹೋಗೋಣ."

ದೊಡ್ಡಾಸ್ಪತ್ರೆಯಲ್ಲಿ ಆರು ಸಲ ಆ ಕೋಣೆಯೊಳಗೆ ಮಲಗಿಸಿದರು. ಟೆಬಾನ್ ನಡೆದುಕೊಂಡೇ ಮನೆಗೆ ಬಂದ. ಎಡಗಾಲು ಚೂರು ಎಳೆಯುತ್ತದೆ. ಇನ್ನು ಆಳಕ್ಕೆ ಇಳಿಯಕೂಡದು ಎಂದು ಡಾಕ್ಟರು ಹೇಳಿದ್ದಾರೆ. ಈಗ ಅವನು ದೋಣಿಯಲ್ಲಿ ಕೂತು ಜೊತೆಯವರ ಕೊಳವೆ, ಹಗ್ಗ ನೋಡಿಕೊಳ್ಳುತ್ತಾನೆ. ಬರುವ ದಾರಿಯಲ್ಲಿ ಹಗ್ಗ ಹಿಡಿದು ನಿಲ್ಲಬೇಕಾದ ಹೊತ್ತು ಆಗುವ ತನಕ ಯಾರನ್ನೂ ಮೇಲಕ್ಕೆ ಬಿಡುವುದಿಲ್ಲ.

"ಅಷ್ಟು ಹೊತ್ತು ನಿಲ್ಲಿಸ್ತೀಯಲ್ಲ ಮಾರಾಯ, ಮೈಯೆಲ್ಲ ಚಳಿ!" ಎಂದು ಅವರು ಗೊಣಗುತ್ತಾರೆ.

"ಚಳಿ ಗೊತ್ತಾಗ್ತಿದೆಯಲ್ಲ, ಪುಣ್ಯ ಅಂದ್ಕೋ" ಅನ್ನುತ್ತಾನೆ.

ಅಕ್ಕಂದಿರೇ, ತಂಗಿಯರೇ, ಗಾಳಿಕೊಳವೆ ಕಚ್ಚಿ ಆಳಕ್ಕಿಳಿಯುವವರು ನಿಮ್ಮ ಮನೆಯಲ್ಲೂ ಇರಬಹುದು. ತಮ್ಮ ಉಸಿರಿನ ಸಣ್ಣ ಗುಳ್ಳೆಗಳಿಗಿಂತ ನಿಧಾನವಾಗಿ ಮೇಲೆ ಬರಲು ಹೇಳಿ. ಮೂರು ಆಳುದ್ದ ಉಳಿದಾಗ ಹಗ್ಗ ಹಿಡಿದು ಕೆಲವು ನಿಮಿಷ ನಿಲ್ಲಲಿ. ಒಂದೇ ದಿನ ಮತ್ತೆ ಮತ್ತೆ ಆಳಕ್ಕೆ ಇಳಿಯದಿರಲಿ. ಬಂದ ಮೇಲೆ ಕೀಲು ನೋವು, ಜೋಮು, ತಲೆಸುತ್ತು, ಕಾಲಿನಲ್ಲಿ ಬಲವಿಲ್ಲ, ಮೂತ್ರ ಕಟ್ಟಿದೆ ಅಂದರೆ ಎಣ್ಣೆ ತಿಕ್ಕುತ್ತ ಕೂರಬೇಡಿ, ನೀರಿಗೆ ಮತ್ತೆ ಇಳಿಸಬೇಡಿ. ಮಲಗಿಸಿಕೊಂಡು ಆಸ್ಪತ್ರೆಗೆ ಕರೆದೊಯ್ಯಿರಿ. ನೀರಿನಾಳದಿಂದ ಬಂದವರು ಎಂಬುದನ್ನು ಮೊದಲ ಮಾತಾಗಿ ಹೇಳಿ.

ಅವರು ಮುಚ್ಚಿಟ್ಟದ್ದು ನಿಮ್ಮ ಕಣ್ಣಿಗೆ ಬಿದ್ದೇ ಇರುತ್ತದೆ. ಅದನ್ನು ಹೇಳಿಬಿಡಿ. ಸಿಟ್ಟಾಗುತ್ತಾರೆ, ಆಗಲಿ. ಸಿಟ್ಟು ಮಾಡಿಕೊಂಡು ಎದ್ದು ಹೋಗಲಿಕ್ಕಾದರೂ ಅವರಿಗೆ ಕಾಲು ಬೇಕಲ್ಲ.