ಬಲ ಮಗ್ಗುಲು

ಆ ದೊಡ್ಡ ಕೋಣೆಯ ಬಾಗಿಲು ತಳ್ಳಿದವಳ ಕಣ್ಣಿಗೆ ಮೊದಲು ಬಿದ್ದದ್ದು ಮಿಂಚು. ಜೇಡಿಮಣ್ಣಿನ ಕಾರಿನ ಬಲ ಮಗ್ಗುಲಲ್ಲಿ, ನಿನ್ನೆ ಸಂಜೆ ಅವಳು ಮಾಸಲು ಕಪ್ಪಾಗಿ ಬಿಟ್ಟು ಹೋಗಿದ್ದ ಕೆಳ ಅಂಚಿನ ಉದ್ದಕ್ಕೂ ಯಾರೋ ಬೆಳ್ಳಿ ಬಣ್ಣದ ಹಾಳೆ ಅಂಟಿಸಿದ್ದರು. ಮುಂದಿನ ಬಂಪರಿನಿಂದ ಶುರುವಾಗಿ, ಚಕ್ರದ ಕಮಾನು ಬಳಸಿ, ಬಾಗಿಲುಗಳ ಬುಡ ಹಾದು, ಹಿಂದಿನ ಬಂಪರಿನ ತುದಿಯವರೆಗೆ ಪಳಪಳ. ಒಂದು ಗುಳ್ಳೆಯಿಲ್ಲ, ಒಂದು ಸುಕ್ಕಿಲ್ಲ. ಹಾಗೆ ಹಾಳೆ ಎಳೆದು ಕೂರಿಸುವ ಕೈ ಆ ಕಟ್ಟಡದಲ್ಲಿ ಒಂದೇ ಇತ್ತು. ಆ ಕೈಯನ್ನು ಅವಳು ಮದುವೆಯಾಗಿದ್ದಳು.

ಈ ಕಾರು ಇನ್ನೂ ಓಡುವ ಕಾರಲ್ಲ. ಮೇಣ ಬೆರೆಸಿದ ಜೇಡಿಮಣ್ಣಿನಲ್ಲಿ ನಿಜವಾದ ಅಳತೆಗೇ ಕಟ್ಟಿದ ಮಾದರಿ. ಬಣ್ಣ, ಲೋಹ, ಪ್ಲಾಸ್ಟಿಕ್ಕು ಎಲ್ಲವನ್ನೂ ಅದರ ಮೇಲೆ ತೆಳು ಹಾಳೆ ಅಂಟಿಸಿಯೇ ತೋರಿಸುವುದು. ಹೊಸ ಕಾರಿನ ರೂಪ ಹೇಗಿರಬೇಕೆಂದು ತೀರ್ಮಾನವಾಗುವ ಮೊದಲು ಇಂಥದೊಂದನ್ನು ನಿಲ್ಲಿಸಿ, ಅದರ ಎಡಬದಿಯನ್ನು ಒಬ್ಬರಿಗೆ, ಬಲಬದಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದು ಆ ಕಾರು ಕಂಪನಿಯ ಪದ್ಧತಿ. ಮಣ್ಣೂ ಉಳಿಯಿತು, ಜಾಗವೂ ಉಳಿಯಿತು. ಕಂಪನಿಯ ಯಜಮಾನರು ಬಂದು ಒಂದು ಸುತ್ತು ಹಾಕಿ ಯಾವುದೋ ಒಂದು ಬದಿಗೆ ಹೂಂ ಅನ್ನುತ್ತಾರೆ. ಸೋತವರು ತಮ್ಮ ಬದಿಯನ್ನು ತಾವೇ ಕೆರೆದು ಹಾಕಿ, ಗೆದ್ದ ಬದಿಯ ಪಡಿಯಚ್ಚನ್ನು ಅಲ್ಲಿ ಕೂರಿಸಬೇಕು. ಈ ಸಲ ಎಡ ಗಂಡನದು, ಬಲ ಹೆಂಡತಿಯದು. ವಿಷಯ ಕಿವಿಗೆ ಬಿದ್ದ ದಿನವೇ ಅತ್ತೆ ತೀರ್ಪು ಕೊಟ್ಟಿದ್ದರು: ಯಾರೇ ಗೆಲ್ಲಲಿ, ಗೆದ್ದವರು ಮನೆಗೆ ಬಂದು ಪಾತ್ರೆ ತೊಳೆಯಬೇಕು.

ಅವಳು ವರ್ಷಗಟ್ಟಲೆ ಸೀಟಿನ ಬಟ್ಟೆ ಆರಿಸುವ ವಿಭಾಗದಲ್ಲಿದ್ದವಳು. ಎಲ್ಲರ ಬಾಯಲ್ಲೂ ‘ಬಟ್ಟೆ ಅಕ್ಕ’. ಕಾರಿನ ಹೊರಮೈ ಗಂಡಸರದು, ಒಳಗಿನ ಅಸ್ತರು ಹೆಂಗಸರದು ಎಂದು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಬರೆಯುವ ಅಗತ್ಯವೇ ಬಿದ್ದಿರಲಿಲ್ಲ. ಬಲಬದಿ ಮಾಡಬೇಕಾಗಿದ್ದವನು ಇದ್ದಕ್ಕಿದ್ದಂತೆ ಕೆಲಸ ಬಿಟ್ಟಾಗ, ವಿನ್ಯಾಸ ವಿಭಾಗದ ಮುಖ್ಯಸ್ಥನಿಗೆ ಖಾಲಿ ಜಾಗ ತುಂಬಲು ಯಾರಾದರೂ ಬೇಕಾಗಿತ್ತು. ಹೇಗೂ ನಿಮ್ಮ ಮನೆಯವರದ್ದೇ ಆಯ್ಕೆಯಾಗೋದು, ನೀವು ಸುಮ್ನೆ ಬಲಗಡೆ ತುಂಬಿಸಿಬಿಡಿಯಮ್ಮ ಎಂದು ನಕ್ಕಿದ್ದ. ಆ ನಗೆಯನ್ನು ಅವಳು ಮರೆತಿರಲಿಲ್ಲ. ಮಣ್ಣು ಮೆತ್ತುವಾಗಲೆಲ್ಲ ಅದನ್ನು ನೆನೆಸಿಕೊಂಡು ಇನ್ನೊಂದಿಷ್ಟು ಗಟ್ಟಿಯಾಗಿ ಮೆತ್ತುತ್ತಿದ್ದಳು.

ಅವಳಿಗಿದ್ದದ್ದು ಒಂದೇ ಹಟ. ಮರದ ಚೌಕಟ್ಟಿಗೆ ತಗಡು ಹೊಡೆಯುತ್ತಿದ್ದ ಕಾಲದಲ್ಲಿ ಕಾರುಗಳು ಪೆಟ್ಟಿಗೆಯ ಹಾಗಿದ್ದವು. ಉಕ್ಕಿನ ಹಾಳೆಯನ್ನು ಅಚ್ಚಿನಲ್ಲಿ ಒತ್ತುವುದು ಬಂದ ಮೇಲೆ ಅವಕ್ಕೆ ಹೊಟ್ಟೆ ಬಂತು, ಭುಜ ಬಂತು. ಗಾಜನ್ನು ಬಗ್ಗಿಸುವುದು ಬಂದ ಮೇಲೆ ಹಣೆ ಹಿಂದಕ್ಕೆ ವಾಲಿತು. ಒಂದೊಂದು ಹೊಸ ವಸ್ತುವೂ ಬರುವಾಗ ತನ್ನದೇ ಒಂದು ರೂಪ ತಂದಿತ್ತು. ಪ್ಲಾಸ್ಟಿಕ್ಕಿನ ಪಾಡು ಮಾತ್ರ ಯಾರಿಗೂ ಬೇಡ. ಬಂದ ದಿನದಿಂದ ಬಣ್ಣ ಬಳಿದು ಅದನ್ನು ಉಕ್ಕು ಅನ್ನಿಸಿದರು, ಹೊಳಪು ಬಳಿದು ಕ್ರೋಮು ಅನ್ನಿಸಿದರು, ನಾರಿನ ಗೆರೆ ಎಳೆದು ಮರ ಅನ್ನಿಸಿದರು. ನೀನು ನೀನಾಗಿಯೇ ಇರು ಅಂತ ಅದಕ್ಕೆ ಹೇಳಿದವರು ಕಡಿಮೆ. ಅವಳು ಹೇಳಿದ್ದಳು. ಕಾರಿನ ಸುತ್ತ ಕೆಳ ಅಂಚೆಲ್ಲ ಬಣ್ಣವಿಲ್ಲದ ಪ್ಲಾಸ್ಟಿಕ್ಕು, ಮಾಸಲು ಕಪ್ಪು, ಚಪ್ಪಲಿಯ ಅಟ್ಟೆಯಂತೆ ಸಣ್ಣ ತರಿ. ಕಲ್ಲು ಬಡಿಯಲಿ, ಗೇಟು ಉಜ್ಜಲಿ, ಅದು ಕ್ಯಾರೇ ಅನ್ನಬಾರದು. ಟೈಲರ್ ಆಗಿದ್ದ ಅವಳ ಅಮ್ಮ ಶಾಲೆಯ ಚೀಲ ಹೊಲಿಯುವಾಗ ತಳಕ್ಕೆ ಕಪ್ಪು ರೆಕ್ಸಿನ್ ಪಟ್ಟಿ ಕೊಡುತ್ತಿದ್ದಳು. ನೆಲಕ್ಕೆ ತಾಗೋ ಕಡೆ ಶೋಕಿ ಮಾಡ್ಬಾರ್ದು ಕಣೇ ಅನ್ನುತ್ತಿದ್ದಳು.

ಗಂಡನಿಗೆ ಇದು ಹಿಡಿಸಿರಲಿಲ್ಲ. ಊಟಕ್ಕೆ ಕೂತಾಗ ಒಂದೆರಡು ಸಲ, ಕಾರು ಅರ್ಧಕ್ಕೇ ನಿಂತಂತೆ ಕಾಣುತ್ತೆ ಅಂದಿದ್ದ. ಅತ್ತೆ, ತಟ್ಟೆ ಮುಂದೆ ಮಣ್ಣಿನ ಮಾತು ಬೇಡ ಅಂದಿದ್ದರು. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದಳು. ಇವತ್ತು ಬೆಳಿಗ್ಗೆ, ಯಜಮಾನರು ಬರುವ ದಿನ ಅಲ್ವಾ, ಬೇಗ ಹೋಗಿ ಮಣ್ಣು ಬಿಸಿಗಿಡಬೇಕು ಅಂತ ಅವನು ಒಬ್ಬನೇ ಮುಂಚೆ ಹೊರಟಾಗಲೂ ಅವಳಿಗೆ ಏನೂ ಅನ್ನಿಸಿರಲಿಲ್ಲ.

ಮಣ್ಣು ಕಾಯಿಸುವ ಒಲೆಯ ಪಕ್ಕ ಅವನು ಕೈ ಒರೆಸಿಕೊಳ್ಳುತ್ತ ನಿಂತಿದ್ದ. ಅವಳು ನೇರ ಅಲ್ಲಿಗೆ ಹೋದಳು.

“ಯಾಕೆ ಮಾಡ್ದೆ ಇದನ್ನ?”

“ನಿನಗೋಸ್ಕರ.” ಅವನ ದನಿ ತಗ್ಗಿತ್ತು. “ಸಾರ್ ನಿನ್ನೆ ಎಲ್ಲರ ಮುಂದೆ, ಬಣ್ಣ ಹಚ್ಚೋಕೆ ಮರೆತ್ರಾ ಬಟ್ಟೆ ಅಕ್ಕ ಅಂತ ನಗ್ತಿದ್ರು. ಇವತ್ತು ಯಜಮಾನ್ರೂ ನಗೋದು ಬೇಡ ಅಂತ.”

“ನನ್ನ ನೋಡಿ ನಗೋದು ಬೇಡವಾ, ಇವಳ ಗಂಡ ಅಂತ ನಿನ್ನ ನೋಡಿ ನಗೋದು ಬೇಡವಾ?”

ಅವನು ಮತ್ತೆ ಕೈ ಒರೆಸಿಕೊಳ್ಳತೊಡಗಿದ. ಕೆಟ್ಟವನಾಗಿದ್ದರೆ ಒಳ್ಳೆಯದಿತ್ತು, ನಾಲ್ಕು ಮಾತು ಬೈದು ಹಗುರಾಗಬಹುದಿತ್ತು. ಆದರೆ ಅವನು ನಿಜವಾಗಿಯೂ ಪ್ರೀತಿಯಿಂದಲೇ ಮಾಡಿದ್ದ. ಅವಳಿಗೆ ಮೈ ಉರಿದದ್ದು ಅದಕ್ಕೇ. ಇಷ್ಟು ದಿನದ ಅವಳ ಕೆಲಸವನ್ನು, ಮಗುವಿನ ಮೂಗು ಒರೆಸಿದ ಹಾಗೆ, ಒಂದು ಮಾತೂ ಕೇಳದೆ ಒರೆಸಿಬಿಟ್ಟಿದ್ದ.

ಅಷ್ಟರಲ್ಲಿ ಮುಖ್ಯಸ್ಥ ಒಳಗೆ ಬಂದ. ಬಲಬದಿಯ ಮುಂದೆ ನಿಂತು, ಸೊಂಟದ ಮೇಲೆ ಕೈಯಿಟ್ಟು, ಖುಷಿಯಿಂದ ತಲೆದೂಗಿದ.

“ನೋಡಿ, ಈಗ ಕಾರು ಕಾರಿನ ಹಾಗಿದೆ. ಗಂಡನ ಮಾತು ಕೇಳಿದ್ರೆ ಹೀಗೇ ಇರುತ್ತೆ.”

ಅವಳು ಸೀದಾ ಬಲಬದಿಗೆ ನಡೆದಳು. ಹಿಂದಿನ ಬಂಪರಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಬೆಳ್ಳಿ ಹಾಳೆಯ ತುದಿಗೆ ಉಗುರು ಹಾಕಿ ಎಳೆದಳು. ಹಾಳೆ ಚರ್ರ್ ಎಂದು ಕಿರುಚುತ್ತ ಎದ್ದು ಬಂತು. ಹಿಂದಿನ ಬಾಗಿಲಿನ ಬುಡದಲ್ಲಿ ಸ್ವಲ್ಪ ತಡೆಯಿತು. ಅವಳೂ ಬಿಡಲಿಲ್ಲ, ಇನ್ನೂ ಜೋರಾಗಿ ಜಗ್ಗಿದಳು. ಕೆಳಗಿದ್ದ ಕಪ್ಪು ಹಾಳೆಯ ತುಂಡೊಂದು, ಅದರೊಂದಿಗೆ ಅಂಗೈಯಗಲದ ಮಣ್ಣು ಕಿತ್ತು ಬಂದು, ಕಂದು ಬಣ್ಣದ ಹಳ್ಳ ಬಾಯಿ ತೆರೆಯಿತು. ಗಂಡ ಎರಡು ಹೆಜ್ಜೆ ಮುಂದೆ ಬಂದವನು ಅಲ್ಲೇ ನಿಂತ. ಕೈ ತೆಗೀರಮ್ಮ, ಅವರು ಬಂದ್ಬಿಟ್ರು ಎಂದು ಮುಖ್ಯಸ್ಥ ಹಲ್ಲು ಕಚ್ಚಿ ಹೇಳುತ್ತಿದ್ದ. ಅವಳು ಮುಂದಿನ ಬಂಪರಿನವರೆಗೂ ಕಿತ್ತು, ಹಾಳೆಯನ್ನು ಉಂಡೆ ಮಾಡಿ ಬುಟ್ಟಿಗೆ ಹಾಕುವುದಕ್ಕೂ ಯಜಮಾನರು ಒಳಗೆ ಬರುವುದಕ್ಕೂ ಸರಿಹೋಯಿತು.

ಯಜಮಾನರು ವಯಸ್ಸಾದವರು, ಅವಸರವಿಲ್ಲದವರು. ಎಡಬದಿಯನ್ನು ಬಹಳ ಹೊತ್ತು ನೋಡಿದರು. ಅದು ಚೆನ್ನಾಗಿಯೇ ಇತ್ತು, ಅವಳೂ ಅಲ್ಲವೆನ್ನುತ್ತಿರಲಿಲ್ಲ. ಆಮೇಲೆ ಬಲಕ್ಕೆ ಬಂದು ಹಳ್ಳದ ಮುಂದೆ ನಿಂತರು.

“ಇಲ್ಲೇನಾಯ್ತು?”

“ಮೇಲೆ ಬೆಳ್ಳಿ ಹಾಳೆ ಅಂಟಿಸಿದ್ರು ಸಾರ್. ನಾನು ಕಿತ್ತೆ.”

ಯಾರು ಅಂಟಿಸಿದರೆಂದು ಅವರು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಯಾಕೆ ಕಿತ್ತೆ ಎಂದು ಮಾತ್ರ ಹೇಳಿದಳು: ಪ್ಲಾಸ್ಟಿಕ್ಕಿಗೆ ನಾಚಿಕೆಪಡುವಂಥದ್ದು ಏನಿದೆ ಎಂದು ತನಗೆ ತಿಳಿಯಲಿಲ್ಲ, ಏಟು ತಿನ್ನುವ ಜಾಗ ಏಟು ತಿನ್ನಲು ತಯಾರಾಗಿ ಇರಲಿ. ಯಜಮಾನರು ಕಪ್ಪು ತರಿಯ ಮೇಲೆ ಹೆಬ್ಬೆರಳು ಆಡಿಸಿದರು. ಬಣ್ಣ ಸಾಲದೇ ಹೋಯ್ತಾ ಅಂತ ನಮ್ಮ ಮನೆಯವಳು ಕೇಳ್ತಾಳಲ್ಲ ಅಂದರು. ಎಲ್ಲರೂ ನಕ್ಕರು. ಮುಖ್ಯಸ್ಥ ಎಲ್ಲರಿಗಿಂತ ಸ್ವಲ್ಪ ಹೆಚ್ಚೇ ನಕ್ಕ. ನಗು ಮುಗಿಯಲಿ ಎಂದು ಅವಳು ಕಾದಳು.

“ಕಾರನ್ನ ಗೇಟಿಗೆ ಉಜ್ಜಿಕೊಂಡು ಬಂದ ದಿನ ಏನು ಕೇಳ್ತಾರೆ ಸಾರ್?”

ಯಜಮಾನರು ಅವಳನ್ನೊಮ್ಮೆ ದಿಟ್ಟಿಸಿದರು; ಸಿಟ್ಟೋ ಮೆಚ್ಚುಗೆಯೋ ತಿಳಿಯಲಿಲ್ಲ. ಆಮೇಲೆ ಎಡಬದಿಯ ಕಡೆ ಕೈ ತೋರಿಸಿ, ಅದೇ ಆಗಲಿ ಎಂದು ಹೊರಟುಹೋದರು.

ಗೆಲ್ಲಬಹುದು ಎಂಬ ಆಸೆ ಇಷ್ಟೊಂದು ಇತ್ತೆಂದು ಅವಳಿಗೇ ಗೊತ್ತಿರಲಿಲ್ಲ. ಮುಖ್ಯಸ್ಥ ಕೆರೆಯುವ ಉಳಿಯನ್ನು ಅವಳ ಕಡೆ ಚಾಚಿದ. ಸಂಜೆಯೊಳಗೆ ಬಲಬದಿ ಸಾಫಾಗಬೇಕು ಅಂದ.

“ನಾನು ಕೆರೆಯಲ್ಲ.”

“ಪದ್ಧತಿ ಇರೋದೇ ಹಾಗಮ್ಮ.”

“ಸೋತಿದ್ದೀನಿ, ಒಪ್ಕೊಂಡೆ. ನಾಳೆಯಿಂದ ಬಟ್ಟೆ ವಿಭಾಗಕ್ಕೆ ವಾಪಸ್ ಹೋಗು ಅಂದ್ರೆ ಹೋಗ್ತೀನಿ. ಕೆಲಸ ಬಿಡು ಅಂದ್ರೆ ಅದನ್ನೂ ಈಗಲೇ ಹೇಳಿ. ಇದನ್ನ ಮಾತ್ರ ನನ್ನ ಕೈಯಿಂದ ಕೆರೆಸೋಕಾಗಲ್ಲ.”

ಅವನಿಗೆ ಇಂಥ ಮಾತು ಕೇಳಿ ರೂಢಿಯಿರಲಿಲ್ಲ. ಉಳಿಯನ್ನು ಅವಳ ಗಂಡನ ಕೈಗೆ ತುರುಕಿದ. ನಿಮ್ಮ ಹೆಂಡ್ತಿ, ನೀವೇ ಕೆರೀರಿ ಎಂದು ಬಾಗಿಲ ಬಳಿ ಹೋಗಿ ಕೈಕಟ್ಟಿ ನಿಂತ.

ಅವಳು ಸ್ಟೂಲೊಂದನ್ನು ಎಳೆದುಕೊಂಡು, ಅದರ ಮೇಲಿದ್ದ ತನ್ನ ಕಪ್ಪು ಹಾಳೆಯ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು ಬಲಬದಿಗೆ ಎದುರಾಗಿ ಕೂತಳು.

“ಕೆರಿ. ನೋಡ್ತಾ ಕೂತಿರ್ತೀನಿ.”

ಗಂಡ ಉಳಿ ಹಿಡಿದು ಕಾರಿನ ಮುಂದೆ ನಿಂತ. ಅವಳ ಕಡೆ ತಿರುಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಲೆಯ ಹತ್ತಿರ ಹೋಗಿ ಬಿಸಿ ಮಣ್ಣಿನ ಉಂಡೆಯೊಂದನ್ನು ತಂದ. ಹಿಂದಿನ ಬಾಗಿಲಿನ ಬುಡದಲ್ಲಿ ಮಂಡಿಯೂರಿ ಕೂತು, ಅದನ್ನು ಹಳ್ಳಕ್ಕೆ ಹಾಕಿ ಹೆಬ್ಬೆರಳಿನಿಂದ ಒತ್ತತೊಡಗಿದ.

“ಏನ್ರೀ ಅದು, ಕೆರೀರಿ ಅಂದ್ರೆ ತುಂಬ್ತಾ ಇದ್ದೀರಿ,” ಮುಖ್ಯಸ್ಥ ಬಾಗಿಲಿಂದಲೇ ಕೇಳಿದ.

“ಇದನ್ನ ಹಾಳು ಮಾಡಿದ್ದು ನಾನು ಸಾರ್.”

ಅಷ್ಟು ಹೇಳಿ ಕೆಲಸಕ್ಕೆ ಬಗ್ಗಿದ. ಉಳಿಯನ್ನು ಅಡ್ಡ ಹಿಡಿದು ನಯವಾಗಿ ಎಳೆದ, ಕಣ್ಣು ಮುಚ್ಚಿ ಅಂಗೈಯಿಂದ ಸವರಿ ನೋಡಿದ, ಮತ್ತೆ ಎಳೆದ. ಬಾಗಿಲ ಬಳಿಯ ಬೂಟುಗಳು ಸ್ವಲ್ಪ ಹೊತ್ತು ಚಡಪಡಿಸಿ, ಕಾರಿಡಾರಿನ ಕಡೆ ನಡೆದುಹೋದವು. ಗಂಡ ತಿರುಗದೆಯೇ, ಕಪ್ಪು ಹಾಳೆ ಕೊಡೆಂಬಂತೆ ಕೈಯನ್ನು ಹಿಂದಕ್ಕೆ ಚಾಚಿದ.

ಹಾಳೆಯ ಸುರುಳಿ ಅವಳ ತೊಡೆಯ ಮೇಲೇ ಇತ್ತು. ಅವಳು ಕೊಡಲಿಲ್ಲ.

“ಇನ್ನೂ ಉಬ್ಬಿದೆ,” ಅಂದಳು.

ಅವನು ಕೈ ಹಿಂದಕ್ಕೆ ತೆಗೆದುಕೊಂಡು, ಮತ್ತೆ ಉಳಿ ಎತ್ತಿಕೊಂಡ.