ಶನಿವಾರದ ಓವರ್‌ಟೈಮ್

ನಲವತ್ತೊಂದು ತುಂಬಿದರೂ ಮನೆಯಲ್ಲಿ ಅವಳು ಪುಟ್ಟಿಯೇ. ಕೆಲಸ ಹಲ್ಲು ಮಾಡುವುದು. ಡಾಕ್ಟರಲ್ಲ, ಹಲ್ಲಿನ ಡಾಕ್ಟರು ಬಾಯಿಯ ಅಚ್ಚು ತೆಗೆದು ಲ್ಯಾಬಿಗೆ ಕಳಿಸಿದರೆ ಅದಕ್ಕೆ ತಕ್ಕ ಹಾಗೆ ಪಿಂಗಾಣಿ ಕ್ಯಾಪ್ ಕಟ್ಟಿ, ಬಣ್ಣ ಕೂಡಿಸಿ, ಫರ್ನೇಸಿನಲ್ಲಿ ಸುಟ್ಟು ಕೊಡುವವಳು. ಬಿಳಿ ಎಂದರೆ ನಿಮಗೂ ನನಗೂ ಒಂದೇ ಬಿಳಿ. ಪುಟ್ಟಿಯ ಮೇಜಿನ ಮೇಲೆ ಹದಿನಾರು ಬಿಳಿಗಳ ಮಾದರಿ ಹಲ್ಲುಗಳು ಒಂದು ಪಟ್ಟಿಯಲ್ಲಿ ಸಾಲಾಗಿ ನಿಂತಿದ್ದವು. ಕಾಫಿ ಜಾಸ್ತಿ ಕುಡಿಯುವವರ ಬಿಳಿ, ಸಿಗರೇಟು ಬಿಟ್ಟು ಎರಡು ವರ್ಷವಾದವರ ಬಿಳಿ, ಐವತ್ತು ದಾಟಿದವರ ಮಂಕು ಬಿಳಿ. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಅವಳು ಬಣ್ಣ ತಪ್ಪಿದವಳಲ್ಲ. ಲ್ಯಾಬಿನ ಯಜಮಾನರು ತಮ್ಮ ಹೆಂಡತಿಯ ಅಡುಗೆಗಿಂತ ಅವಳ ಕಣ್ಣನ್ನು ಹೆಚ್ಚು ನಂಬಿದ್ದರು.

ಮನೆ ಎಂದರೆ ಎರಡನೇ ಮಹಡಿಯ ಎರಡು ಕೋಣೆ, ಅಮ್ಮ, ಅಕ್ಕ. ಅಮ್ಮನಿಗೆ ಲಕ್ವ ಹೊಡೆದು ಮೂರು ವರ್ಷವಾಗಿತ್ತು. ಬಲಗಡೆ ಪೂರ್ತಿ ಸತ್ತಂತೆ, ಮಾತು ನಿಧಾನ, ಬುದ್ಧಿ ಮಾತ್ರ ಚುರುಕು. ಗಂಡನನ್ನು ಬಿಟ್ಟು ಬಂದ ಅಕ್ಕ ಕನ್ನಡಕದ ಅಂಗಡಿಯ ಕೌಂಟರಿನಲ್ಲಿ ಮಧ್ಯಾಹ್ನದವರೆಗೆ ಕೆಲಸ ಮಾಡಿ ಬಂದು ಅಮ್ಮನನ್ನು ನೋಡಿಕೊಳ್ಳುತ್ತಿದ್ದಳು. ಸಂಜೆಯಿಂದ ಬೆಳಗಿನವರೆಗೆ ಪುಟ್ಟಿಯ ಪಾಳಿ. ಇಬ್ಬರೂ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಕೆಳಗಿನ ಮನೆಯವರು ಬಂದು ನೋಡಿಕೊಳ್ಳುತ್ತಿದ್ದರು. ಶನಿವಾರ ಅಕ್ಕನಿಗೆ ರಜೆ, ಪುಟ್ಟಿಗೆ ಅರ್ಧ ದಿನ. ಅವತ್ತು ಅಮ್ಮನಿಗೆ ತಲೆ ಸ್ನಾನ, ಅದಕ್ಕೆ ನಾಲ್ಕು ಕೈ ಬೇಕು. ಇಬ್ಬರು ಹಿಡಿದುಕೊಳ್ಳದಿದ್ದರೆ ಒದ್ದೆ ನೆಲದ ಮೇಲೆ ಆ ಭಾರ ನಿಲ್ಲುವುದಿಲ್ಲ.

ಆ ನಾಲ್ಕು ಕೈಗಳಲ್ಲಿ ಎರಡು ಒಂದೂವರೆ ವರ್ಷದಿಂದ ಓವರ್‌ಟೈಮಿಗೆ ಹೋಗುತ್ತಿದ್ದವು. ಹಾಗೆಂದು ಪುಟ್ಟಿ ಹೇಳಿದ್ದಳು. ಲ್ಯಾಬಿನಲ್ಲಿ ಕೆಲಸ ರಾಶಿ ಬಿದ್ದಿದೆ, ಶನಿವಾರ ಸಂಜೆಯವರೆಗೂ ಇರಬೇಕಂತೆ ಎಂದು. ಅಕ್ಕ ಒಬ್ಬಳೇ ಹೇಗೋ ಸ್ನಾನ ಮಾಡಿಸುತ್ತಿದ್ದಳು. ಸತ್ಯವೇನೆಂದರೆ ಶನಿವಾರ ಒಂದು ಗಂಟೆಗೆ ಯಜಮಾನರು ಬಾಗಿಲಿಗೆ ಬೀಗ ಜಡಿದು ಹೋಗುತ್ತಿದ್ದರು, ಪುಟ್ಟಿ ಬಸ್ಸು ಹತ್ತಿ ಊರಿನ ಇನ್ನೊಂದು ತುದಿಗೆ ಬೆಳಕು ನೋಡಲು ಹೋಗುತ್ತಿದ್ದಳು.

ಮುಚ್ಚಿಹೋದ ಸಿನಿಮಾ ಟಾಕೀಸಿನಲ್ಲಿ ಮೊದಲು ಬೆಳಕಿನ ಪ್ರದರ್ಶನವೊಂದು ಶುರುವಾಗಿತ್ತು. ಆಮೇಲೆ ಹಳೇ ಗೋಡೌನಿನಲ್ಲಿ ಒಂದು, ಮಾಲಿನ ನೆಲಮಾಳಿಗೆಯಲ್ಲಿ ಒಂದು. ಊರಿನಲ್ಲಿ ಹೊಸದು ಬಂದರೆ ಪುಟ್ಟಿ ಮೊದಲ ವಾರವೇ ಹಾಜರು. ಕತ್ತಲ ಹಾಲಿನ ಗೋಡೆ, ನೆಲ, ಮಾಳಿಗೆಯ ತುಂಬ ಪ್ರೊಜೆಕ್ಟರಿನಿಂದ ಚಿತ್ರ ಬಿಡುತ್ತಾರೆ. ನಾವು ಚಿತ್ರದ ಮುಂದೆ ನಿಲ್ಲುವುದಿಲ್ಲ, ಒಳಗೇ ನಿಲ್ಲುತ್ತೇವೆ. ಗೋಡೆ ಮುಟ್ಟಿದರೆ ಅಲ್ಲಿ ಹೂವು ಬಿಡುತ್ತದೆ. ನೆಲದ ಮೇಲೆ ನಡೆದರೆ ಕಾಲಿನಡಿಯಿಂದ ಮೀನುಗಳು ಚದುರಿ ಓಡುತ್ತವೆ. ಕೊನೆಯ ಹಾಲಿನಲ್ಲಿ ದೊಡ್ಡ ದೊಡ್ಡ ದಿಂಬುಗಳ ಮೇಲೆ ಮಲಗಿದರೆ ಮೇಲೆಲ್ಲ ನೀಲಿ ಕಡಲು. ವಾರವಿಡೀ ಹದಿನಾರು ಬಿಳಿಗಳನ್ನು ಕಣ್ಣಿಟ್ಟು ನೋಡಿದವಳಿಗೆ, ಯಾವುದಕ್ಕೂ ಹೊಂದಿಸಬೇಕಿಲ್ಲದ ಆ ಬಣ್ಣ ಎಂದರೆ ಪ್ರಾಣ. ಆದರೆ ಅದಕ್ಕಿಂತ ಅವಳಿಗೆ ಹಿಡಿಸಿದ್ದು ಬೇರೆ. ಆ ಕತ್ತಲಲ್ಲಿ ಯಾರೂ ಅವಳನ್ನು ಪುಟ್ಟೀ ಎಂದು ಕರೆಯುತ್ತಿರಲಿಲ್ಲ. ಯಾರಿಗೂ ನೀರು ಬೇಕಿರಲಿಲ್ಲ, ಯಾರನ್ನೂ ಮಗ್ಗುಲು ತಿರುಗಿಸಬೇಕಿರಲಿಲ್ಲ. ಅಲ್ಲಿ ಅವಳು ಸುಖವಾಗಿದ್ದಳು, ಆ ಸುಖಕ್ಕೆ ನಾಚಿಕೆಯೂ ಪಡುತ್ತಿದ್ದಳು, ಮುಂದಿನ ಶನಿವಾರ ಮತ್ತೆ ಹೋಗುತ್ತಿದ್ದಳು.

ಫೋನಿನ ಬೆಳಕು ಕತ್ತಲನ್ನು ಕೆಡಿಸುತ್ತದೆಂದು ಒಳಗೆ ಬಿಡುವ ಮುಂಚೆ ಬ್ಯಾಗು, ಫೋನು ಎಲ್ಲ ಲಾಕರಿನಲ್ಲಿ ಇಡಿಸಿಕೊಳ್ಳುತ್ತಿದ್ದರು. ಒಂದು ಶನಿವಾರ ಕಡಲಿನ ಚಿತ್ರ ಎರಡು ಸುತ್ತು ಓಡಿ ಮುಗಿಯುವವರೆಗೆ ಅವಳು ಮಲಗಿದ್ದು ಎದ್ದು ಬಂದು ಲಾಕರು ತೆಗೆದರೆ ಅಕ್ಕನ ಕರೆ ಹನ್ನೊಂದು. ವಾಪಸು ಕರೆ ಮಾಡಿದರೆ ಎತ್ತಲಿಲ್ಲ. ಬಸ್ಸು ಪ್ರತಿ ಸಿಗ್ನಲ್ಲಿನಲ್ಲಿ ನಿಂತಾಗಲೂ ಅವಳು ಎದ್ದೆದ್ದು ಕೂತಳು.

ಮನೆಯಲ್ಲಿ ಅಮ್ಮ ಒಣಗಿದ ಬಟ್ಟೆ ಉಟ್ಟು ಮಂಚದ ಮೇಲೆ ಮಲಗಿದ್ದಳು, ಏನೂ ಆಗಿರಲಿಲ್ಲ. ಅಕ್ಕ ಬಾಯಿಗೆ ಟವೆಲು ಒತ್ತಿಕೊಂಡಿದ್ದಳು. ಸ್ನಾನದ ಮನೆಯಲ್ಲಿ ಅಮ್ಮ ಜಾರಿದಳಂತೆ, ಬೀಳಲು ಬಿಡದೆ ಅಕ್ಕ ತಬ್ಬಿ ಹಿಡಿದುಕೊಂಡಳಂತೆ, ಇಬ್ಬರ ಭಾರಕ್ಕೆ ಅಕ್ಕನ ಮುಖ ಹೋಗಿ ನಲ್ಲಿಗೆ ಬಡಿಯಿತಂತೆ. ಮುಂದಿನ ಹಲ್ಲು ಅರ್ಧಕ್ಕೆ ಮುರಿದಿತ್ತು. ನೆಲದ ಮೇಲೆ ಅಮ್ಮನನ್ನು ಕೂರಿಸಿಕೊಂಡು, ಒಂದು ಕೈಯಲ್ಲಿ ಹನ್ನೊಂದು ಸಲ ಫೋನು ಒತ್ತಿ, ಕೊನೆಗೆ ಕೆಳಗಿನ ಮನೆಯವರನ್ನು ಕೂಗಿ ಕರೆದಿದ್ದಳು.

"ಮೆಷಿನ್ ಸದ್ದಲ್ಲಿ ಕೇಳಿಸ್ಲಿಲ್ಲ ಅಕ್ಕ," ಎಂದಳು ಪುಟ್ಟಿ.

ಅಕ್ಕ ಟವೆಲಿನ ಹಿಂದಿನಿಂದ, ಪರವಾಗಿಲ್ಲ ಬಿಡು ಎಂಬಂತೆ ಕೈಯಾಡಿಸಿದಳು. ಬೈದಿದ್ದರೆ ಪುಟ್ಟಿಗೆ ಎಷ್ಟೋ ಹಗುರವಾಗುತ್ತಿತ್ತು. ಬೈಯುವವರನ್ನು ಎದುರಿಸಬಹುದು, ಹೊಟ್ಟೆಗೆ ಹಾಕಿಕೊಂಡವರನ್ನು ಎದುರಿಸುವುದು ಹೇಗೆ?

ಆ ಹಲ್ಲನ್ನು ನಾನೇ ಮಾಡಿಕೊಡುತ್ತೇನೆ ಎಂದು ಪಟ್ಟು ಹಿಡಿದಳು. ಸುಳ್ಳಿನ ತಪ್ಪನ್ನು ಪಿಂಗಾಣಿಯಲ್ಲಿ ತೊಳೆಯಬಹುದೆಂಬ ಲೆಕ್ಕ. ಇನ್ನು ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲವೆಂದು ತನಗೆ ತಾನೇ ಆಣೆ ಹಾಕಿಕೊಂಡಳು. ಹಲ್ಲಿನ ಡಾಕ್ಟರು ಮುರಿದ ಹಲ್ಲನ್ನು ಕ್ಯಾಪ್ ಕೂರುವಂತೆ ತರಿದು, ಅಚ್ಚು ತೆಗೆದರು. ಬಣ್ಣವನ್ನು ಪುಟ್ಟಿಯೇ ನೋಡಲಿ ಎಂದರು. ಮುಂದಿನ ಹಲ್ಲಿನ ಬಣ್ಣ ನೋಡಲು ಹಗಲ ಬೆಳಕು ಬೇಕು, ಆಯಾಸವಿಲ್ಲದ ಕಣ್ಣು ಬೇಕು. ಮಾದರಿ ಹಲ್ಲನ್ನು ಪಕ್ಕದ ಹಲ್ಲಿನ ಬಳಿ ಹಿಡಿದು ಐದು ಎಣಿಸುವಷ್ಟು ಹೊತ್ತು ನೋಡಬೇಕು, ಬೂದು ಬಣ್ಣದ ಕಾರ್ಡಿನ ಮೇಲೆ ಕಣ್ಣಿಟ್ಟು ಸುಧಾರಿಸಿಕೊಂಡು ಮತ್ತೆ ನೋಡಬೇಕು. ಇಷ್ಟು ಗೊತ್ತಿದ್ದೂ ಆಣೆ ಒಂದು ವಾರ ಮಾತ್ರ ಬಾಳಿತು. ಬಣ್ಣ ನೋಡಬೇಕಿದ್ದ ಶನಿವಾರದಂದೇ, ಒಂದೇ ಗಂಟೆ ಎಂದುಕೊಂಡು ಹೋಗಿ ಎರಡೂವರೆ ಗಂಟೆ ನೀಲಿಯಲ್ಲಿ ಮುಳುಗಿದ್ದು ಬಂದಳು. ಓಡೋಡಿ ಬಂದು, ಸಂಜೆ ಬೆಳಕಿನ್ನೂ ಇದೆ ಎಂದು ಅಕ್ಕನನ್ನು ಕಿಟಕಿಯ ಬಳಿ ಕೂರಿಸಿ ಬಣ್ಣ ಆರಿಸಿಬಿಟ್ಟಳು.

ಕ್ಯಾಪ್ ಕೂರಿಸಿದ ದಿನ ಡಾಕ್ಟರು ಕನ್ನಡಿ ಕೊಟ್ಟರು. ಅಕ್ಕನ ಹಲ್ಲುಗಳ ನಡುವೆ ಅದೊಂದು ಬಚ್ಚಲಿಗೆ ಹಾಕಿದ ಹೊಸ ಟೈಲ್ಸಿನ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಡಾಕ್ಟರು ಪುಟ್ಟಿಯ ಮುಖ ನೋಡಿದರು, ಪುಟ್ಟಿ ನೆಲ ನೋಡಿದಳು. ಅಕ್ಕ ಮಾತ್ರ ಬಹಳ ಚೆನ್ನಾಗಿದೆ ಎಂದು ನಕ್ಕಳು, ಇನ್ನೊಂದು ಮಾಡಲೇಬೇಕೆಂದರೆ ಅಲ್ಲಿಯವರೆಗೆ ಇದನ್ನೇ ಹಾಕಿರಿ ಎಂದಳು. ಅಂಗಡಿಯಲ್ಲಿ ಗಿರಾಕಿಗಳು ಕನ್ನಡಕ ಬಿಟ್ಟು ಅವಳ ಹಲ್ಲನ್ನೇ ನೋಡತೊಡಗಿದ ಮೇಲೆ ಕೈ ಅಡ್ಡ ಹಿಡಿದು ಮಾತಾಡಲು ಕಲಿತಳು.

ಅಷ್ಟಕ್ಕೇ ಮುಗಿದಿದ್ದರೆ ಪುಟ್ಟಿ ತೆಪ್ಪಗೆ ಇನ್ನೊಂದು ಹಲ್ಲು ಮಾಡಿ ಕೈತೊಳೆದುಕೊಳ್ಳುತ್ತಿದ್ದಳೋ ಏನೋ. ಆದರೆ ಅಕ್ಕನಿಗೆ ಹಲ್ಲಿನ ಚಿಂತೆ ಇರಲಿಲ್ಲ, ತಂಗಿಯ ಕಣ್ಣಿನ ಚಿಂತೆ ಹತ್ತಿಕೊಂಡಿತು. ಇಪ್ಪತ್ತು ವರ್ಷದಲ್ಲಿ ತಪ್ಪದ ಬಣ್ಣ ಈಗ ತಪ್ಪುತ್ತದೆಂದರೆ ಏನರ್ಥ? ಅಂಗಡಿಯಿಂದ ಅಕ್ಷರದ ಚಾರ್ಟು ತಂದು ಅಡುಗೆಮನೆಯ ಬಾಗಿಲಿಗೆ ತಗುಲಿಸಿ ಓದಿಸಿದಳು. ಪುಟ್ಟಿ ಕೊನೆಯ ಸಾಲಿನವರೆಗೂ ಗಿಣಿಯ ಹಾಗೆ ಓದಿದಳು. ಹಾಗಾದರೆ ದೋಷ ಇನ್ನೂ ಒಳಗೆಲ್ಲೋ ಇರಬೇಕೆಂದು ಅಕ್ಕ ಇನ್ನಷ್ಟು ಹೆದರಿ, ತನ್ನ ಅಂಗಡಿಗೆ ಬರುವ ಕಣ್ಣಿನ ಡಾಕ್ಟರ ಕೈಕಾಲು ಹಿಡಿದು ಮಂಗಳವಾರಕ್ಕೆ ಸಮಯ ಗೊತ್ತು ಮಾಡಿಕೊಂಡು ಬಂದಳು.

"ಈ ಕಣ್ಣಲ್ಲೇ ನಿನ್ನ ಅನ್ನ ಇರೋದು ಪುಟ್ಟಿ," ಎಂದು ಹೇಳುವಾಗ ಅವಳ ಕಣ್ಣೇ ತುಂಬಿತ್ತು.

ಪುಟ್ಟಿಗೆ ಅವತ್ತಿಡೀ ಅದೇ ಲೆಕ್ಕಾಚಾರ. ಹೇಳಿದರೆ ಅಕ್ಕ ಇನ್ನು ಮುಂದೆ ತನ್ನ ಯಾವ ಮಾತನ್ನು ನಂಬುತ್ತಾಳೆ? ಅಮ್ಮನ ಆರೈಕೆ ಎಂದರೆ ಇಬ್ಬರ ನಂಬಿಕೆಯ ಮೇಲೆ ನಡೆಯುತ್ತಿರುವ ಸಂಸಾರ. ಅದೊಂದು ಹೋದರೆ ಉಳಿಯುವುದು ಬರೀ ಪಾಳಿ. ಹೇಳದಿದ್ದರೆ ಮಂಗಳವಾರ ಡಾಕ್ಟರು ಕಣ್ಣಿಗೆ ಹನಿ ಬಿಟ್ಟು, ಏನೂ ಇಲ್ಲವಲ್ಲ ಎನ್ನುತ್ತಾರೆ. ಆಗ ಇನ್ನೊಂದು ಸುಳ್ಳು ಹುಡುಕಬೇಕು.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಬೆಳಕು ಚೆನ್ನಾಗಿದ್ದಾಗ, ಮತ್ತೊಮ್ಮೆ ಬಣ್ಣ ನೋಡಲು ಅಕ್ಕನನ್ನು ಕಿಟಕಿಯ ಬಳಿ ಕೂರಿಸಿದಳು. ತುಟಿಗಳನ್ನು ಎರಡೂ ಕಡೆ ಎಳೆದು ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ಪು ಹಾಕಿದಳು. ಅದನ್ನು ಹಾಕಿದರೆ ಎಂಥ ಸುಂದರಿಯೂ ಕುದುರೆಯ ಹಾಗೆ ಕಾಣುತ್ತಾಳೆ, ಮಾತಂತೂ ಆಡಲು ಬರುವುದಿಲ್ಲ. ಮಾದರಿ ಹಲ್ಲು ಹಿಡಿದು ಬಗ್ಗಿದಾಗ ಅಕ್ಕನ ಕಣ್ಣು ಒಂದು ಗೇಣು ದೂರದಲ್ಲಿತ್ತು. ಆ ಕಣ್ಣು ತನ್ನ ಕಣ್ಣನ್ನೇ, ರೋಗ ಎಲ್ಲಿ ಕೂತಿದೆಯೋ ಎಂದು ಹುಡುಕುತ್ತಿರುವುದು ಕಂಡಿತು. ಬೂದು ಕಾರ್ಡಿನ ಮೇಲೆ ದೃಷ್ಟಿ ನೆಟ್ಟು ಪುಟ್ಟಿ ಒಳಗಿನ ಅಮ್ಮನಿಗೆ ಕೇಳಿಸದ ಹಾಗೆ ಎಲ್ಲವನ್ನೂ ಹೇಳಿಬಿಟ್ಟಳು. ಶನಿವಾರ ಲ್ಯಾಬು ಇಲ್ಲವೆಂದು, ಹೋಗುವುದು ಬೆಳಕಿನ ಪ್ರದರ್ಶನಕ್ಕೆಂದು, ಹನ್ನೊಂದು ಸಲ ಫೋನು ಹೊಡೆದುಕೊಂಡಾಗ ತಾನು ದಿಂಬಿನ ಮೇಲೆ ಮಲಗಿದ್ದೆನೆಂದು, ಬಣ್ಣ ತಪ್ಪಿದ್ದೂ ಅದರಿಂದಲೇ ಎಂದು. ಅಕ್ಕ ಉತ್ತರ ಕೊಡಲಾರದ ಹೊತ್ತನ್ನು ಆರಿಸಿ ಹೇಳಿದ್ದು ಹೇಡಿತನವೆಂದು ಅವಳಿಗೆ ಗೊತ್ತಿತ್ತು.

ಅಕ್ಕ ನಿಧಾನವಾಗಿ ಕ್ಲಿಪ್ಪು ತೆಗೆದು, ಬಾಯಿ ಒರೆಸಿಕೊಂಡಳು.

"ಒಬ್ಳೇನಾ ಹೋಗ್ತಿದ್ದಿದ್ದು?"

"ಹೂಂ."

"ಜೊತೇಲಿ ಯಾರೂ ಇಲ್ವಾ?"

"ಯಾರಿರ್ತಾರೆ ಅಕ್ಕ?"

ಅಕ್ಕ ಎದ್ದು ಹೋಗಿ ಅಮ್ಮನ ಕೋಣೆಯ ಬಾಗಿಲು ಮುಂದೆ ಮಾಡಿ ಬಂದಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು. ವರ್ಷದ ಹಿಂದೆ ಏನಕ್ಕೋ ಲ್ಯಾಬಿಗೆ ಫೋನು ಮಾಡಿದಾಗಲೇ ಶನಿವಾರ ಒಂದು ಗಂಟೆಗೆ ಮುಚ್ಚುತ್ತಾರೆಂದು ಅವಳಿಗೆ ಗೊತ್ತಾಗಿತ್ತು. ಶನಿವಾರ ಸಂಜೆ ತಂಗಿ ಮುಖ ಅರಳಿಸಿಕೊಂಡು ಬರುವುದನ್ನು ನೋಡಿ, ಯಾರೋ ಒಬ್ಬರು ಸಿಕ್ಕಿದ್ದಾರೆ ಎಂದುಕೊಂಡಿದ್ದಳು. ಅಮ್ಮನ ಕಿವಿಗೂ ಹಾಕಿದ್ದಳು. ಅವಳಾಗಿ ಹೇಳುವವರೆಗೆ ಕೇಳಬಾರದು ಎಂದು ತಾಯಿ ಮಗಳು ಮಾತಾಡಿಕೊಂಡಿದ್ದರು. ಪ್ರತಿ ಶನಿವಾರ ಸ್ನಾನ ಮಾಡಿಸುತ್ತ ಇಬ್ಬರಿಗೂ ಅದೇ ಮಾತು. ಅವನ ಹಲ್ಲು ಚೆನ್ನಾಗಿಯೇ ಇರುತ್ತದೆ, ಇಲ್ಲದಿದ್ದರೆ ನಮ್ಮ ಪುಟ್ಟಿ ಒಪ್ಪುವವಳಲ್ಲ ಎಂದು ಅಮ್ಮ. ಕನ್ನಡಕವೂ ಇರಬೇಕು, ಫ್ರೇಮು ನಾನೇ ಆರಿಸಿಕೊಡುತ್ತೇನೆ ಎಂದು ಅಕ್ಕ.

"ಅವತ್ತು ಹನ್ನೊಂದು ಸಲ ಯಾಕಾದ್ರೂ ಮಾಡಿದ್ನೋ ಅಂತ ನನ್ನನ್ನ ನಾನೇ ಬೈಕೊಂಡೆ ಕಣೆ," ಎಂದಳು. "ಅವನ ಎದುರಿಗೆ ನಿನಗೆ ಮುಜುಗರ ಆಗಿರುತ್ತೆ ಅಂತ."

ಪುಟ್ಟಿ ಎದೆ ಒಡೆದ ಹಾಗೆ ಅತ್ತಳು. ಅಮ್ಮನಿಗೆ ಈಗಲೇ ನಿಜ ಹೇಳಿಬಿಡುತ್ತೇನೆಂದು ಎದ್ದವಳನ್ನು ಅಕ್ಕ ಸೆರಗು ಹಿಡಿದು ಕೂರಿಸಿದಳು. ಅಮ್ಮನಿಗೆ ವಾರಕ್ಕೊಂದು ಸಂತೋಷದ ಮಾತೆಂದರೆ ಅದು, ಅದನ್ನು ಕಿತ್ತುಕೊಂಡು ನಿನ್ನ ಮನಸ್ಸು ಹಗುರ ಮಾಡಿಕೊಳ್ಳಬೇಡ ಎಂದಳು. ಆ ಒಂದು ಮಾತಿನಲ್ಲಿ ಮಾತ್ರ ಸ್ವಲ್ಪ ಸಿಟ್ಟಿತ್ತು. ಮಂಗಳವಾರದ ಕಣ್ಣಿನ ಡಾಕ್ಟರಿಗೆ ಬರುವುದಿಲ್ಲವೆಂದು ಅವಳೇ ಫೋನು ಮಾಡಿದಳು.

ಎರಡನೇ ಹಲ್ಲು ಅಕ್ಕಪಕ್ಕದ ಹಲ್ಲುಗಳ ನಡುವೆ ಗುರುತೇ ಸಿಗದ ಹಾಗೆ ಬಂತು. ಶನಿವಾರ ಅದನ್ನು ಅಂಟಿಸಿಕೊಳ್ಳಲು ಅಕ್ಕ ಡಾಕ್ಟರ ಬಳಿಗೆ ಹೋದಳು. ಅವಳು ಬಂದ ಮೇಲೆ ಸ್ನಾನ, ಅಲ್ಲಿಯವರೆಗೆ ಅಮ್ಮನ ಬಳಿ ಪುಟ್ಟಿ. ಒಂದೂವರೆ ವರ್ಷದಲ್ಲಿ ಮೊದಲ ಬಾರಿ ಶನಿವಾರ ಮಧ್ಯಾಹ್ನ ಮಂಚದ ಪಕ್ಕದಲ್ಲಿ ಅವಳನ್ನು ನೋಡಿ ಅಮ್ಮನ ಮುಖ ಸಣ್ಣದಾಯಿತು.

"ಜಗಳಾನಾ?" ಎಂದು ಕೇಳಿದಳು, ಒಂದೊಂದೇ ಅಕ್ಷರ ಎಳೆದು.

ಇಲ್ಲವೆಂದಳು ಪುಟ್ಟಿ. ಅಮ್ಮ ಇನ್ನೂ ಕಾಯುತ್ತಲೇ ಇದ್ದಳು. ಏನಾದರೂ ಹೇಳಲೇಬೇಕಿತ್ತು.

"ಅವರಿಗೆ ಹುಷಾರಿಲ್ಲಮ್ಮ. ಜ್ವರ."

ಅಮ್ಮ ಎಡಗೈ ಎತ್ತಿ, ತನ್ನ ಹೊದಿಕೆ ಸರಿ ಮಾಡುತ್ತಿದ್ದ ಮಗಳ ಕೈಯನ್ನು ದೂರ ತಳ್ಳಿದಳು.

"ಮತ್ತೆ ಇಲ್ಲಿ... ಯಾಕೆ ಕೂತಿದೀಯ? ಹೋಗು, ನೋಡ್ಕೋ. ಪಾಪ, ಒಬ್ರೇ ಇರ್ತಾರೆ."

ನಿನ್ನನ್ನು ಒಬ್ಬಳೇ ಬಿಟ್ಟು ಹೇಗೆ ಹೋಗಲಿ ಎಂದರೆ ಅಮ್ಮ ಕೇಳಲಿಲ್ಲ. ಅಕ್ಕ ಇನ್ನೇನು ಬರುತ್ತಾಳೆ, ನನಗೇನಾಗುತ್ತದೆ, ಹೋಗು ಎಂದು ಕೈ ಬೀಸುತ್ತಲೇ ಇದ್ದಳು. ಕೊನೆಗೆ ಪುಟ್ಟಿ ಬ್ಯಾಗು ಹೆಗಲಿಗೇರಿಸಿ, ಚಪ್ಪಲಿ ಮೆಟ್ಟಿ, ಹೋಗಿ ಬರ್ತೀನಮ್ಮ ಎಂದು ಹೇಳಿ ಬಾಗಿಲನ್ನು ಪೂರ್ತಿ ಮುಚ್ಚದೆ ಹೊರಗೆ ಬಂದಳು. ಮೇಲಿನ ಮೆಟ್ಟಿಲ ಮೇಲೆ, ಒಳಗಿನ ಉಸಿರು ಕೇಳಿಸುವಷ್ಟು ಹತ್ತಿರ, ಸದ್ದು ಮಾಡದೆ ಕೂತಳು. ಅಕ್ಕ ಬರುವವರೆಗೆ ಅಲ್ಲೇ ಕೂತಿದ್ದಳು. ಆ ಒಂದೂವರೆ ಗಂಟೆಯಲ್ಲಿ ಅಮ್ಮ ಎರಡು ಸಲ ಕೆಮ್ಮಿದಳು, ಒಂದು ಸಲ ಎಡಗೈಯಲ್ಲಿ ನೀರಿನ ಲೋಟಕ್ಕೆ ತಡಕಾಡಿದ ಸದ್ದಾಯಿತು. ಮಗಳನ್ನು ಒಮ್ಮೆಯೂ ಕರೆಯಲಿಲ್ಲ.